ಪದಚರ್ಚೆ: ಕೈಯಿಂದ ಅಚ್ಚೊತ್ತಿದ ಬಟ್ಟೆಗೆ ಒಂದು ಪದ ಬೇಕು (ತುರ್ತು)

ದಾರದುಂಡೆ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಬಿಡುವಿದ್ದಾಗ ಬಟ್ಟೆಯ ಮೇಲೆ ಅಚ್ಚು ಒತ್ತುವುದು ನನ್ನ ಹವ್ಯಾಸ. ರುಮಾಲು, ಕೈಚೀಲ, ದಿಂಬಿನ ಕವರು, ಮೇಜಿನ ಹಾಸು ಇಂಥವು. ಬ್ಲಾಕುಗಳನ್ನೂ ನಾನೇ ಕೆತ್ತುತ್ತೇನೆ. ಕೆಲವು ಮರದವು, ಕೆಲವು ಲಿನೋ (ಕೆತ್ತಲು ಬರುವ ಮೆತ್ತನೆಯ ಹಾಳೆ). ಇಷ್ಟು ದಿನ ಸ್ನೇಹಿತರಿಗೆ ಸುಮ್ನೆ ಹಂಚುತ್ತಿದ್ದೆ. ಈಗ ಒಂದು ಕರಕುಶಲ ಮೇಳದಲ್ಲಿ ಮೇಜು ಸಿಕ್ಕಿದೆ. ಎರಡು ಬರಹ ಬೇಕು.

ಮೊದಲನೆಯದು ಮೇಜಿನ ಮೇಲಿಡುವ ಫಲಕಕ್ಕೆ. 'ಹ್ಯಾಂಡ್ ಬ್ಲಾಕ್ ಪ್ರಿಂಟೆಡ್ ಗಿಫ್ಟ್ಸ್' ಅಂತ ಎಲ್ಲರೂ ಹಾಕುತ್ತಾರಲ್ಲ, ಅದಕ್ಕೆ ಕನ್ನಡ. ಎರಡನೆಯದು ಪ್ರತಿ ವಸ್ತುವಿಗೂ ಹೊಲಿಯುವ ಸಣ್ಣ ಪಟ್ಟಿಗೆ. ಅದಕ್ಕೆ ಒಂದೇ ಒಂದು ಪದ. ಈ ಪದವನ್ನೂ ಬ್ಲಾಕಿನಲ್ಲೇ ಕೆತ್ತಿ ಒತ್ತುತ್ತೇನೆ. ಹಾಗಾಗಿ ಚಿಕ್ಕದಿರಬೇಕು, ಒತ್ತಕ್ಷರ ಆದಷ್ಟೂ ಕಡಿಮೆ ಇರಬೇಕು. ಅಕ್ಷರಗಳನ್ನು ಹಿಂದುಮುಂದಾಗಿ ಕೆತ್ತಬೇಕು, ಗೊತ್ತಲ್ವಾ. ಮೇಲಿನ ಅಕ್ಷರಕ್ಕೂ ಕೆಳಗಿನ ಒತ್ತಿಗೂ ನಡುವೆ ಉಳಿಯುವ ಸಂದು ಕೂದಲೆಳೆಯಷ್ಟು. ಬಣ್ಣ ಅದರಲ್ಲಿ ತುಂಬಿಕೊಂಡರೆ ಅಕ್ಷರ ಹೋಗಿ ಬೊಟ್ಟು ಉಳಿಯುತ್ತದೆ.

'ಹಸ್ತನಿರ್ಮಿತ ಮುದ್ರಿತ ವಸ್ತ್ರ ಉಡುಗೊರೆಗಳು' ಅಂತ ಪರಿಚಯದವರೊಬ್ಬರು ಬರೆದುಕೊಟ್ಟರು. ಸರ್ಕಾರಿ ಟೆಂಡರಿನ ಹಾಗೆ ಕೇಳಿಸುತ್ತದೆ. ನಾಳೆ ಬೆಳಗ್ಗೆ ಕೆತ್ತಲು ಕೂರಬೇಕು. ದಯವಿಟ್ಟು.

ಅಚ್ಚಗನ್ನಡ ಬರೆದದ್ದು:

ಫಲಕಕ್ಕೆ 'ಕೈಕಸುಬಿನ ಅರಿವೆ'. ಪಟ್ಟಿಗೆ 'ಕೈಕಸುಬು'. ಒಂದೂ ಒತ್ತಕ್ಷರ ಇಲ್ಲ, ನಿಮ್ಮ ಕೆಲಸ ಸಲೀಸು. ಹಸ್ತ, ನಿರ್ಮಿತ, ಮುದ್ರಿತ, ವಸ್ತ್ರ, ನಾಲ್ಕೂ ಸಂಸ್ಕೃತದ ಸಾಲ. 'ಬಟ್ಟೆ'ಯೂ ಬೇಡ. ಹಳಗನ್ನಡದಲ್ಲಿ ಬಟ್ಟೆ ಅಂದರೆ ದಾರಿ ಅಂತಲೂ ಅರ್ಥ. ಅರಿವೆ ಇರುವಾಗ ಗೊಂದಲ ಯಾಕೆ?

ಪದಬೇಟೆ ಬರೆದದ್ದು:

> ಪಟ್ಟಿಗೆ 'ಕೈಕಸುಬು'

ಕಸುಬು ಅರಬ್ಬಿ. ಮೂಲ ಕಸ್ಬ್, ಅಂದರೆ ಗಳಿಕೆ. ಅಚ್ಚಗನ್ನಡದವರ ಬಾಯಲ್ಲಿ ಅರಬ್ಬಿ ಕೇಳಿ ಖುಷಿಯಾಯಿತು. ಅದೂ ಅಲ್ಲದೆ ಹೊಟ್ಟೆಪಾಡಿಗೆ ಮಾಡೋದು ಕಸುಬು. ಅವರು ಹವ್ಯಾಸ ಅಂತ ಮೊದಲ ಸಾಲಿನಲ್ಲೇ ಹೇಳಿದ್ದಾರೆ. ಮತ್ತೆ, ಹಳಗನ್ನಡದ ದಾರಿ ನೆನೆದು ಇವತ್ತು ಬಟ್ಟೆ ಬಿಡೋದಾದರೆ ನಾವೆಲ್ಲ ಏನು ಉಡೋದು?

ಈಗ ಮುಖ್ಯ ವಿಷಯಕ್ಕೆ ಬರೋಣ. ಇಲ್ಲಿ ಯಾರೂ 'ಉಡುಗೊರೆ'ಯನ್ನು ನೋಡೇ ಇಲ್ಲ. ಅದರಲ್ಲಿರುವುದು 'ಉಡು' ಧಾತು. ಉಡುಗೆ, ಉಡುಪು, ಉಡುದಾರ ಎಲ್ಲ ಅದೇ ಬಳಗ. ಮೊದಲಿಗೆ ಉಡಲು ಕೊಡುವ ಬಟ್ಟೆಯೇ ಉಡುಗೊರೆ. ಪೆನ್ನು, ಗಡಿಯಾರ, ಹೂದಾನಿ ಎಲ್ಲ ಆಮೇಲೆ ಒಳಗೆ ನುಗ್ಗಿದವು. ಹಾಗಾಗಿ 'ಬಟ್ಟೆ ಉಡುಗೊರೆ' ಅಂದರೆ ಒಂದೇ ಮಾತನ್ನು ಎರಡು ಸಲ ಹೇಳಿದ ಹಾಗಾಯಿತು. ಫಲಕಕ್ಕೆ 'ಅಚ್ಚಿನ ಉಡುಗೊರೆ' ಅಂತ ಬರೆಯಿರಿ. ಬಟ್ಟೆ ಅದರೊಳಗೇ ಇದೆ.

ಕರಡು ತಿದ್ದುವವ ಬರೆದದ್ದು:

ಧಾತು ನೋಡಿ ಯಾರೂ ಮೇಜಿನ ಹತ್ತಿರ ಬರಲ್ಲ. 'ಅಚ್ಚಿನ' ಅಂದ ಕೂಡಲೇ ಜನಕ್ಕೆ ನೆನಪಾಗೋದು ಪುಸ್ತಕ, ಕರಪತ್ರ. 'ಬಟ್ಟೆ' ಅನ್ನೋ ಪದ ಫಲಕದಲ್ಲಿ ಇರಲೇಬೇಕು.

ಪದಬೇಟೆ ಬರೆದದ್ದು:

ಫಲಕದ ಹಿಂದೆ ರುಮಾಲು ತೂಗುಹಾಕಿರುತ್ತಾರೆ. ಗಿರಾಕಿಗೆ ಕಣ್ಣಿಲ್ವಾ?

ಹಳೇ ಮೇಷ್ಟ್ರು ಬರೆದದ್ದು:

ಪಟ್ಟಿಗೆ 'ಹಸ್ತಮುದ್ರಿತ'. ಸಂಸ್ಕೃತಕ್ಕೆ ಸಂಸ್ಕೃತ ಸೇರಿದೆ, ಸಮಾಸ ಶುದ್ಧ. 'ಕೈಮುದ್ರಿತ' ಅಂತ ಈಚೆಗೆ ಕೆಲವರು ಬರೆಯುವುದನ್ನು ನೋಡಿದ್ದೇನೆ. ಅದು ಅರಿಸಮಾಸ, ಅಂದರೆ ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಸಲ್ಲದ ಜೋಡಣೆ. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಎಚ್ಚರಿಸಿ ಹೋಗಿದ್ದಾನೆ.

ಪದಬೇಟೆ ಬರೆದದ್ದು:

ಅದೇ ಕೇಶಿರಾಜ ಬಿರುದುಗಳಿಗೆ ವಿನಾಯಿತಿ ಕೊಟ್ಟಿದ್ದಾನೆ ಮೇಷ್ಟ್ರೇ. ಪಟ್ಟಿಯ ಮೇಲಿನ ಪದ ಆ ರುಮಾಲಿನ ಬಿರುದು ಅಂದುಕೊಳ್ಳಿ.

ಹಳೇ ಮೇಷ್ಟ್ರು ಬರೆದದ್ದು:

ತಮಾಷೆ ಬೇರೆ, ವ್ಯಾಕರಣ ಬೇರೆ.

ದಾರದುಂಡೆ ಬರೆದದ್ದು:

ಮೇಷ್ಟ್ರೇ, ಹಸ್ತಮುದ್ರಿತದಲ್ಲಿ ಎರಡು ಒತ್ತು ಇವೆ. 'ದ್ರಿ' ಒಂದರಲ್ಲೇ ಗುಡಿಸು ಮೇಲೆ, ಕ್ರಾವಡಿ (ರಕಾರದ ಒತ್ತು) ಕೆಳಗೆ. ಅರ್ಧ ಇಂಚಿನ ಬ್ಲಾಕಿನಲ್ಲಿ ಅದು ಉಳಿಯಲ್ಲ.

ಇನ್ನೊಂದು ವಿಷಯ ಮೊದಲೇ ಹೇಳಬೇಕಿತ್ತೇನೋ. ಬರೀ 'ಮುದ್ರಿತ' ಅಂದರೆ ನನಗೆ ಸಾಲದು. ಮಿಷಿನ್ನಿನಲ್ಲಿ ಉರುಳಿ ಬಂದ ಬಟ್ಟೆಯೂ ಮುದ್ರಿತವೇ. ನನ್ನ ರುಮಾಲಿನ ಅಂಚಿಗೆ ಒಂದು ಬಳ್ಳಿ ಓಡುತ್ತದೆ. ಬ್ಲಾಕನ್ನು ಎತ್ತಿ ಪಕ್ಕಕ್ಕೆ ಇಟ್ಟಲ್ಲೆಲ್ಲ ಎಲೆಯ ತೊಟ್ಟು ಒಂದೆರಡು ನೂಲೆಳೆ ಆಚೀಚೆ ಸರಿದಿರುತ್ತದೆ. ಒತ್ತಿದಾಗ ಬಣ್ಣ ಗೆರೆಯ ಅಂಚಿಗೆ ಸರಿಯುವುದರಿಂದ ಅಂಚು ಗಾಢ, ನಡುವೆ ಸ್ವಲ್ಪ ತೆಳು. ಮೂಲೆಯಲ್ಲಿ ಬ್ಲಾಕು ಸಾಲಿಗೆ ಕೂರಿಸಲು ಇಟ್ಟುಕೊಂಡ ಸಣ್ಣ ಚುಕ್ಕೆಯೂ ಕಾಣುತ್ತದೆ. ಜನ ಇದನ್ನು ತೋರಿಸಿ 'ಇಲ್ಲಿ ಡ್ಯಾಮೇಜ್ ಇದೆಯಲ್ವಾ' ಅಂತಾರೆ. ಪಟ್ಟಿಯ ಮೇಲಿನ ಪದ ನೋಡಿದ ಕೂಡಲೇ ಅವರಿಗೆ ಉತ್ತರ ಸಿಗಬೇಕು.

ಅಂಚೆಚೀಲ ಬರೆದದ್ದು:

'ಠಸ್ಸೆ' ಅನ್ನಬಹುದಲ್ಲ? ಠಸ್ಸೆ ಒತ್ತೋದು ಅಂತ ಜನ ದಿನಾ ಹೇಳ್ತಾರೆ. 'ಛಾಪು' ಕೂಡ ಇದೆ. ಛಾಪಖಾನೆ, ಛಾಪಾಕಾಗದ ಎಲ್ಲರಿಗೂ ಗೊತ್ತು.

ಅಚ್ಚಗನ್ನಡ ಬರೆದದ್ದು:

ಠಸ್ಸೆ ಮರಾಠಿ. ಛಾಪು ಹಿಂದಿ. ಬೇಡ.

ಕರಡು ತಿದ್ದುವವ ಬರೆದದ್ದು:

ಮೂಲ ಎಲ್ಲಿಯದೋ ಇರಲಿ, ಅರ್ಥ ಕೂರಲ್ಲ. ಠಸ್ಸೆ ಅಂದರೆ ಆಫೀಸಿನ ರಬ್ಬರ್ ಸ್ಟಾಂಪು. 'ಛಾಪು ಮೂಡಿಸಿದರು' ಈಗ ಪತ್ರಿಕೆಯ ಕ್ರೀಡಾಪುಟದ ಮಾತು.

ದಾರದುಂಡೆಯವರೇ, ಪದ ನಮ್ಮ ಕೈಯಲ್ಲೇ ಇದೆ. 'ಅಚ್ಚು' ಕೊನೆಗೆ ಬರುವ ಹಳೆಯ ಜೋಡುಪದಗಳನ್ನು ನೋಡಿ. ಕಲ್ಲಚ್ಚು, ಬೆರಳಚ್ಚು. ಕಲ್ಲಚ್ಚಿನಲ್ಲಿ ಕಲ್ಲು ಒತ್ತುತ್ತದೆ. 1843ರ 'ಮಂಗಳೂರು ಸಮಾಚಾರ' ಹಾಗೆ ಕಲ್ಲಚ್ಚಿನಲ್ಲಿ ಬಂದ ಪತ್ರಿಕೆ. ಬೆರಳಚ್ಚಿನಲ್ಲಿ ಬೆರಳು ಒತ್ತುತ್ತದೆ. ಯಾವುದು ಒತ್ತುತ್ತದೋ ಅದು ಮುಂದೆ ಬರುತ್ತದೆ. ಯಾವುದರ ಮೇಲೆ ಒತ್ತುತ್ತೇವೋ ಅದು ಬರಲ್ಲ. ಪುಸ್ತಕಕ್ಕೆ 'ಕಾಗದದಚ್ಚು' ಅಂತ ಯಾರೂ ಅಂದಿಲ್ಲ. ಹಾಗಾಗಿ 'ಬಟ್ಟೆಯಚ್ಚು' ತಪ್ಪು. ನಿಮ್ಮದು 'ಮರದಚ್ಚು', ಇಲ್ಲವೇ 'ಕೈಯಚ್ಚು'. ಎರಡರಲ್ಲೂ ಒತ್ತಕ್ಷರ ಒಂದೇ, ಕೊನೆಯ 'ಚ್ಚು'.

'ಪಡಿಯಚ್ಚು' ಅಂತ ಯಾರಾದರೂ ಅಡ್ಡ ಬರುವ ಮೊದಲೇ ಹೇಳುತ್ತೇನೆ. ಅಲ್ಲಿ 'ಪಡಿ' ವಸ್ತುವಲ್ಲ. ಅದರ ಲೆಕ್ಕ ಬೇರೆ.

ಹಳೇ ಮೇಷ್ಟ್ರು ಬರೆದದ್ದು:

'ಅಚ್ಚು' ಸಂಸ್ಕೃತ 'ಅಕ್ಷ'ದ ತದ್ಭವ. ಅಷ್ಟಕ್ಕೂ ಸಾಲ ಬೇಡ ಅನ್ನುವವರು ಅದನ್ನೂ ಬಿಡಬೇಕಾಗುತ್ತದೆ.

ಪದಬೇಟೆ ಬರೆದದ್ದು:

ಅದು ಗಾಡಿಯ ಅಚ್ಚು, ಗಾಲಿ ಸಿಕ್ಕಿಸೋದು. ಒತ್ತುವ ಅಚ್ಚು ಬೇರೆ ಪದ. ತಮಿಳು, ತೆಲುಗು, ಮಲಯಾಳದಲ್ಲೂ ಇದೆ, ದ್ರಾವಿಡದ್ದು. ಉಚ್ಚಾರ ಒಂದೇ ಅಂತ ಎರಡನ್ನೂ ಒಂದೇ ಗಾಡಿಗೆ ಕಟ್ಟಬೇಡಿ.

ಅಚ್ಚಗನ್ನಡ ಬರೆದದ್ದು:

'ಕೈಯಚ್ಚು' ಕೇಳಿದರೆ ನನಗೆ ಕಾಣೋದು ಅಂಗೈಯನ್ನು ಬಣ್ಣದಲ್ಲಿ ಅದ್ದಿ ಗೋಡೆಗೆ ಒತ್ತಿದ ಗುರುತು. ಮಕ್ಕಳ ಆಟ.

ಕರಡು ತಿದ್ದುವವ ಬರೆದದ್ದು:

ಬೆರಳಚ್ಚಿಗೂ ಎರಡು ಅರ್ಥ ಇವೆ. ಟೈಪಿಂಗೂ ಬೆರಳಚ್ಚೇ, ಕಳ್ಳ ಬಿಟ್ಟು ಹೋದ ಗುರುತೂ ಬೆರಳಚ್ಚೇ. ಅದಕ್ಕಾಗಿ ಯಾವ ಬೆರಳಚ್ಚುಗಾರರನ್ನೂ ಠಾಣೆಗೆ ಕರೆದೊಯ್ದಿಲ್ಲ. ಪದ ಇರುವ ಜಾಗವೇ ಅರ್ಥ ಹೇಳುತ್ತದೆ. ರುಮಾಲಿನ ಪಟ್ಟಿಯಲ್ಲಿ 'ಕೈಯಚ್ಚು' ಅಂತಿದ್ದರೆ ಅಂಗೈಯನ್ನು ಯಾರು ಹುಡುಕುತ್ತಾರೆ?

ಅಚ್ಚಗನ್ನಡ ಬರೆದದ್ದು:

ಸರಿ, ಕಸುಬು ಬೇಡ ಅಂದರೆ 'ಕೈಗೆಲಸ' ಅನ್ನಿ. ಅದರಲ್ಲಿ ಯಾರ ಸಾಲವೂ ಇಲ್ಲ, ಒತ್ತೂ ಇಲ್ಲ. ಆದರೆ ಒಂದು ಮಾತು. ರುಮಾಲು, ಕವರು, ಬ್ಲಾಕು, ಲಿನೋ ಅಂತ ಸರಾಗವಾಗಿ ಬರೆಯುವವರ ನಡುವೆ ನನ್ನೊಬ್ಬನ 'ಕಸುಬು' ಮಾತ್ರ ಕಣ್ಣಿಗೆ ಚುಚ್ಚಿತು. ಇವತ್ತು ಒಂದೊಂದೇ ಪದ ಬಿಡುತ್ತೇವೆ. ನಾಳೆ ಕ್ರಿಯಾಪದ ಬಿಟ್ಟರೆ ಉಳಿಯುವುದೇನು? 'ಪ್ರಿಂಟ್ ಮಾಡಿ', 'ವಾಶ್ ಮಾಡಿ', 'ಗಿಫ್ಟ್ ಮಾಡಿ'. ಎಲ್ಲದಕ್ಕೂ 'ಮಾಡು' ಅಂಟಿಸಿದರೆ ಕನ್ನಡ ಆಗುತ್ತಾ?

ಪದಬೇಟೆ ಬರೆದದ್ದು:

'ಮಾಡು' ಬಗ್ಗೆ ನೀವು ಹೇಳಿದ್ದು ಒಪ್ಪತಕ್ಕದ್ದೇ. ಒತ್ತು, ತೊಳೆ, ಕೊಡು ಇರುವಾಗ ಆ ಕಾಟ ಬೇಕಿಲ್ಲ. ಆದರೆ ನಾಮಪದದ ವಿಷಯದಲ್ಲಿ ಬಟ್ಟೆಯಷ್ಟು ಊರು ತಿರುಗಿದ ಸರಕು ಬೇರೆ ಇಲ್ಲ. ರುಮಾಲು ಪಾರಸಿ. 'ರೂ' ಅಂದರೆ ಮುಖ, 'ಮಾಲ್' ಅಂದರೆ ಒರೆಸೋದು. ಶಾಲೂ ಚಾದರವೂ ಪಾರಸಿ. ಬಾಟಿಕ್ ಜಾವಾ ಭಾಷೆಯದು.

ನಾವು ತಗೊಂಡದ್ದಷ್ಟೇ ಅಲ್ಲ, ಕೊಟ್ಟದ್ದೂ ಇದೆ. ಹೂ ಬಳ್ಳಿ ಒತ್ತಿದ ಬಟ್ಟೆಗೆ ಹಿಂದೆ 'ಚೀಟಿ' ಅನ್ನುತ್ತಿದ್ದರು. ಹಿಂದಿಯ 'ಛೀಂಟ್' ಅದೇ. ಇಂಗ್ಲಿಷಿಗೆ ಹೋಗಿ 'ಚಿಂಟ್ಸ್' ಆಯಿತು. ಕಲ್ಲಿಕೋಟೆಯ ಹೆಸರು 'ಕ್ಯಾಲಿಕೊ' ಅನ್ನೋ ಬಟ್ಟೆಯ ಹೆಸರಾಯಿತು. ಈ ಬಟ್ಟೆಗೆ ಯುರೋಪಿನ ಜನ ಎಷ್ಟು ಮರುಳಾದರು ಅಂದರೆ ಅಲ್ಲಿನ ನೇಕಾರರ ಗಲಾಟೆಗೆ ಸರ್ಕಾರಗಳೇ ಅಡ್ಡ ಬಂದವು. ಫ್ರಾನ್ಸ್ 1686ರಿಂದ 1759ರವರೆಗೆ ಅಚ್ಚಿನ ಹತ್ತಿ ಬಟ್ಟೆಗೆ ನಿಷೇಧ ಹಾಕಿತ್ತು. ಇಂಗ್ಲೆಂಡ್ 1721ರಲ್ಲಿ ಕಾನೂನು ಮಾಡಿತು, 1774ರಲ್ಲಿ ತೆಗೆಯಿತು. ಬಟ್ಟೆ ತಡೆದವರಿಗೆ ಪದ ತಡೆಯಲು ಆಗಲಿಲ್ಲ. ಚಿಂಟ್ಸ್ ಇನ್ನೂ ಅವರ ನಿಘಂಟಿನಲ್ಲೇ ಇದೆ.

ನನ್ನ ಮನಸ್ಸಿನಲ್ಲಿರೋದು 'ಚೀಟಿ'ಯನ್ನೇ ಎಬ್ಬಿಸಿ ತರಬೇಕು ಅಂತ. 'ಚೀಟಿ ಉಡುಗೊರೆ'. ಹೇಗಿದೆ?

ಅಂಚೆಚೀಲ ಬರೆದದ್ದು:

ಚೀಟಿ ವ್ಯವಹಾರ ಅಂದುಕೊಂಡು ಜನ ದೂರ ಓಡ್ತಾರೆ.

ಕರಡು ತಿದ್ದುವವ ಬರೆದದ್ದು:

ಚೀಟಿ ಬೇಡ. 'ಕೈಗೆಲಸ' ಒಳ್ಳೆಯ ಪದವೇ, ಆದರೆ ಹೊಲಿಗೆಯೂ ಕೈಗೆಲಸ, ಬುಟ್ಟಿ ಹೆಣೆಯೋದೂ ಕೈಗೆಲಸ. ಅಚ್ಚಿನ ಸುಳಿವೇ ಅದರಲ್ಲಿಲ್ಲ. ತೊಟ್ಟು ಯಾಕೆ ಸರಿದಿದೆ ಅಂತ ಕೇಳಿದವರಿಗೆ ಅದು ಉತ್ತರ ಆಗಲ್ಲ. ಬರೀ 'ಕೈ' ಸೇರಿಸಿದರೆ ಕೈಯ ಕೆಲಸ ಅಂತ ಜನ ನಂಬುತ್ತಾರೆ ಅನ್ನೋದೂ ಖಾತ್ರಿ ಇಲ್ಲ. ಕೈಗಾರಿಕೆಯನ್ನೇ ನೋಡಿ. ಅದರಲ್ಲೂ ಕೈ ಇದೆ. ಈಗ ಆ ಪದ ಕೇಳಿದರೆ ಚಿಮಣಿ ಕಾಣುತ್ತದೆ. ಕೈಯಿಂದ ಮಾಡಿದ್ದು ಅಂತ ಹೇಳಲು ಅದಕ್ಕೆ ಮತ್ತೆ 'ಗುಡಿ' ಸೇರಿಸಬೇಕಾಯಿತು. 'ಅಚ್ಚು' ಜೊತೆಗಿದ್ದರೆ ಮಾತ್ರ ಏನು ನಡೆದಿದೆ ಅಂತ ಗೊತ್ತಾಗುತ್ತದೆ. ನನ್ನ ಓಟು 'ಮರದಚ್ಚು'ಗೆ. ಅದನ್ನು ಯಂತ್ರದವರು ಕದಿಯಲಾರರು.

ದಾರದುಂಡೆ ಬರೆದದ್ದು:

ಮರದಚ್ಚು ತುಂಬಾ ಇಷ್ಟವಾಯಿತು. ಆದರೆ ನನ್ನ ಬ್ಲಾಕುಗಳಲ್ಲಿ ಅರ್ಧ ಲಿನೋ. ಲಿನೋದಲ್ಲಿ ಒತ್ತಿದ ಚೀಲಕ್ಕೆ 'ಮರದಚ್ಚು' ಅಂತ ಹಾಕಿದರೆ ಸುಳ್ಳಾಗುತ್ತದೆ.

ಪದಬೇಟೆ ಬರೆದದ್ದು:

ಲಿನೋಲಿಯಂ ಅಗಸೆ ಎಣ್ಣೆ ಮತ್ತು ಕಾರ್ಕಿನ ಪುಡಿಯಿಂದ ಮಾಡಿದ್ದು. ಹೆಸರಿನಲ್ಲೇ ಇದೆ, ಲ್ಯಾಟಿನ್ನಿನ 'ಲೀನುಂ' ಅಗಸೆ, 'ಓಲಿಯುಂ' ಎಣ್ಣೆ. ಅದಕ್ಕೆ 'ಅಗಸೆಯಚ್ಚು' ಅನ್ನಬಹುದು. ಕರಡು ತಿದ್ದುವವರ ಸೂತ್ರಕ್ಕೂ ಸರಿಹೋಗುತ್ತದೆ.

ಅಚ್ಚಗನ್ನಡ ಬರೆದದ್ದು:

ಅಗಸರು ಒತ್ತಿದ್ದು ಅಂತ ಓದಿಕೊಳ್ಳುತ್ತಾರೆ. ಈ ಎಳೆಯಲ್ಲಿ ಇದಕ್ಕಿಂತ ಕೆಟ್ಟ ಸಲಹೆ ಬಂದಿಲ್ಲ.

ಪದಬೇಟೆ ಬರೆದದ್ದು:

'ಕೈಕಸುಬಿನ ಅರಿವೆ' ಬಂದಿದೆ.

ಕರಡು ತಿದ್ದುವವ ಬರೆದದ್ದು:

ಸಾಲದ ಪದಗಳ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಅವರು ಬೆಳಗ್ಗೆ ಕೆತ್ತಬೇಕು.

ದಾರದುಂಡೆಯವರೇ, ಹಾಗಾದರೆ 'ಕೈಯಚ್ಚು'. ಮರವಾದರೂ ಸರಿ, ಲಿನೋ ಆದರೂ ಸರಿ, ಒತ್ತಿದ್ದು ಕೈಯೇ ತಾನೆ. ಫಲಕಕ್ಕೆ 'ಕೈಯಚ್ಚಿನ ಬಟ್ಟೆ', ಅದರ ಕೆಳಗೆ ಸಣ್ಣದಾಗಿ 'ಉಡುಗೊರೆಗೆ'. 'ಕೈ' ಕೆಳಗೆ ಇಳಿಯುವ ಐತ್ವವನ್ನೂ 'ಚ್ಚು' ಕೆಳಗಿನ ಒತ್ತನ್ನೂ ಒಂದೇ ಮಟ್ಟಕ್ಕೆ ಕೆತ್ತಿ. ಎರಡು ತುದಿಗೂ ಒಂದೇ ಭಾರ ಬರುತ್ತದೆ, ಒತ್ತುವಾಗ ಬ್ಲಾಕು ವಾಲಲ್ಲ.

ದಾರದುಂಡೆ ಬರೆದದ್ದು:

ಹಾಗೇ ಮಾಡುತ್ತೇನೆ. ಪಟ್ಟಿಯ ಬಟ್ಟೆಯನ್ನು ಒಗೆದು ಗಂಜಿ ತೆಗೆದಾಗಿದೆ. ಅದು ಉಳಿದರೆ ಬಣ್ಣ ಒಳಗಿಳಿಯಲ್ಲ. ಇನ್ನೊಂದೇ ಪ್ರಶ್ನೆ. ಒತ್ತಿ ಒಣಗಿದ ಮೇಲೆ ಹಿಂಬದಿಯಿಂದ ಇಸ್ತ್ರಿ ಮಾಡಿ ಬಣ್ಣ ಕೂರಿಸುತ್ತೇವೆ. ಕೊಂಡವರೂ ಮುಂದೆ ಹಾಗೇ ಮಾಡಲಿ ಅಂತ ಪಟ್ಟಿಯ ಹಿಂದೆ ಪೆನ್ನಿನಲ್ಲಿ 'ಮಗುಚಿ ಇಸ್ತ್ರಿ ಮಾಡಿ' ಅಂತ ಬರೆಯಲಾ, 'ಒಳಮೈಗೆ ಇಸ್ತ್ರಿ' ಅಂತ ಬರೆಯಲಾ?

ಕರಡು ತಿದ್ದುವವ ಬರೆದದ್ದು:

'ಒಳಮೈಗೆ ಇಸ್ತ್ರಿ'. ಚಿಕ್ಕದು. 'ಮಾಡಿ'ಯೂ ಇಲ್ಲ, ಅಚ್ಚಗನ್ನಡದವರಿಗೂ ಸಮಾಧಾನ.

ಅಚ್ಚಗನ್ನಡ ಬರೆದದ್ದು:

ಸಮಾಧಾನ ಇಲ್ಲ. ಆದರೂ ಬರೆಯಲಿ.

ಹಳೇ ಮೇಷ್ಟ್ರು ಬರೆದದ್ದು:

ಏನಾದರೂ ಮಾಡಿಕೊಳ್ಳಿ. ಯಕಾರಾಗಮ ಮಾತ್ರ ಬಿಡಬೇಡಿ. ಜಾಗ ಉಳಿಸಲು 'ಕೈಅಚ್ಚು' ಅಂತ ಕೆತ್ತಿದ್ದು ಕಂಡರೆ ನಾನು ಆ ಮೇಜಿನಲ್ಲಿ ಒಂದು ರುಮಾಲೂ ಕೊಳ್ಳುವುದಿಲ್ಲ.