9 ವರ್ಷದ ಮಗನಿಗೆ ಸಿಕ್ಸ್ ಪ್ಯಾಕ್ ಟ್ರೈನಿಂಗ್ ಅಂತಿದಾರೆ, ಸೇರಿಸ್ಲಾ ಬೇಡ್ವಾ?

ದಾವಣಗೆರೆ_ಅಪ್ಪ

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ ಹೇಳಿ, ಯಾಕಂದ್ರೆ ಮನೇಲಿ ಎರಡು ವಾರದಿಂದ ಇದೇ ಮಾತು, ಒಂದು ತೀರ್ಮಾನಕ್ಕೆ ಬರೋಕೆ ಆಗ್ತಿಲ್ಲ.

ನನ್ನ ಮಗನಿಗೆ 9 ವರ್ಷ, ನಾಲ್ಕನೇ ಕ್ಲಾಸು. ಮೊದ್ಲಿಂದ ಚುರುಕು, ಒಂದು ಕಡೆ ಕೂರೋ ಹುಡುಗ ಅಲ್ಲ. ಬೇಸಿಗೆ ರಜೇಲಿ ನಮ್ಮ ಏರಿಯಾದ ಜಿಮ್ಮಲ್ಲಿ ಮಕ್ಕಳ ಬ್ಯಾಚ್ ಶುರು ಮಾಡಿದ್ರು, ಮೊಬೈಲ್ ಆದ್ರೂ ಬಿಡ್ಲಿ ಅಂತ ಸೇರಿಸಿದ್ವಿ. ಒಂದು ತಿಂಗ್ಳು ಚೆನ್ನಾಗೇ ಇತ್ತು, ಹಗ್ಗ ಹತ್ತೋದು, ಕಪ್ಪೆ ಥರ ಜಿಗಿಯೋದು, ನಕ್ಕೊಂಡು ಬರ್ತಿದ್ದ. ಆಮೇಲೆ ಕೋಚ್ ನನ್ನ ಕರ್ದು, ಸಾರ್ ನಿಮ್ಮ ಹುಡುಗನ ಬಾಡಿ ಸ್ಟ್ರಕ್ಚರ್ ಬೇರೆ ಲೆವೆಲ್ ಇದೆ, ಈಗ್ಲೇ ಹಿಡಿದ್ರೆ ಒಂದು ವರ್ಷದಲ್ಲಿ ಸಿಕ್ಸ್ ಪ್ಯಾಕ್ ಬರಿಸ್ತೀನಿ, ಇನ್‌ಸ್ಟಾದಲ್ಲಿ ಪೇಜ್ ಮಾಡೋಣ, ಆಮೇಲೆ ಕಾಂಪಿಟೇಶನ್‌ಗೆ ಬಿಡೋಣ ಅಂದ್ರು. ಅವರ ಪ್ಲಾನು ಹೀಗಿದೆ: ಬೆಳಿಗ್ಗೆ 5ಕ್ಕೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ, ವಾರಕ್ಕೆ ಆರು ದಿನ. ದಿನಕ್ಕೆ ಎರಡು ಸ್ಕೂಪ್ ಪ್ರೋಟೀನ್ ಪೌಡರ್. ಅನ್ನ ಕಮ್ಮಿ, ಸಿಹಿ ಪೂರ್ತಿ ಬಂದ್.

ನಾನು ಮೊದ್ಲು ಖುಷಿ ಪಟ್ಟೆ, ಸುಳ್ಳು ಹೇಳಲ್ಲ. ಮಗನ್ನ ಯಾರಾದ್ರೂ ಹೊಗಳಿದ್ರೆ ಯಾವ ಅಪ್ಪನಿಗೆ ಬೇಡ. ನನ್ನ ಹೆಂಡ್ತಿ ಖಡಾಖಂಡಿತ ಬೇಡ ಅಂತಾಳೆ. ನಮ್ಮ ಅಪ್ಪಾಜಿ, ನಮ್ಮ ಕಾಲದಲ್ಲಿ ಈ ವಯಸ್ಸಿಗೇ ಗರಡಿಗೆ ಕಳಿಸ್ತಿದ್ರು, ಏನೂ ಆಗಲ್ಲ ಕಳ್ಸು ಅಂತಾರೆ.

ನನಗೆ ಅಳುಕು ಶುರುವಾಗಿದ್ದು ಹೋದ ವಾರ. ಊರಿಗೆ ಹೋಗಿದ್ವಿ, ನಮ್ಮಮ್ಮ ಹೋಳಿಗೆ ಮಾಡಿ ತುಪ್ಪ ಹಾಕಿ ತಟ್ಟೇಲಿಟ್ಟು ಕೊಟ್ರೆ ಇವನು ತಟ್ಟೆ ಹಿಂದಕ್ಕೆ ತಳ್ಳಿ "ಬೇಡ ಅಜ್ಜಿ, ಕಟ್ಸ್ ಹೋಗುತ್ತೆ" ಅಂದ, ಹೊಟ್ಟೆ ಮೇಲೆ ಕಾಣೋ ಸ್ನಾಯು ಗೆರೆಗೆ ಜಿಮ್ಮಲ್ಲಿ ಹಾಗಂತಾರೆ. ರಾತ್ರಿ ನೋಡಿದ್ರೆ ಬಚ್ಚಲು ಮನೆ ಕನ್ನಡಿ ಮುಂದೆ ಅಂಗಿ ಎತ್ತಿ ಹೊಟ್ಟೆ ಚರ್ಮನ ಎರಡು ಬೆರಳಲ್ಲಿ ಹಿಡಿದು ಎಳೆದು ನೋಡ್ಕೊಂತಿದ್ದ. ಅವನ ಹೊಟ್ಟೇಲಿ ಹಿಡಿಯೋಕೆ ಏನೂ ಇಲ್ಲ ಸ್ವಾಮಿ, ಪಕ್ಕೆ ಎಲುಬು ಎಣಿಸ್ಬಹುದು. ಯಾರಿಗಾದ್ರೂ ಇದರ ಬಗ್ಗೆ ನಿಜವಾಗ್ಲೂ ಗೊತ್ತಿದ್ರೆ ಹೇಳಿ. ತೂಕ ಎತ್ತಿದ್ರೆ ಎತ್ತರ ಬೆಳೆಯಲ್ಲ ಅಂತಾರಲ್ಲ, ಅದು ನಿಜಾನಾ?

ಮೈಸೂರು_ಫಿಸಿಯೋ

ಸರ್, ನಾನು ಫಿಸಿಯೋಥೆರಪಿಸ್ಟ್, ಆಟ ಆಡಿ ಪೆಟ್ಟು ಮಾಡ್ಕೊಂಡು ಬರೋ ಶಾಲೆ ಮಕ್ಕಳನ್ನ ನೋಡ್ತಾ ಹನ್ನೊಂದು ವರ್ಷ ಆಯ್ತು. ಮೊದ್ಲು ನಿಮ್ಮ ಕೊನೇ ಪ್ರಶ್ನೆ. ಸರಿಯಾಗಿ ಹೇಳಿಕೊಡೋರು ಎದುರಿಗೆ ನಿಂತು ಕಮ್ಮಿ ತೂಕದಲ್ಲಿ ಮಾಡಿಸಿದ್ರೆ ಎತ್ತರ ಕುಂಠಿತ ಆಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಏಳೆಂಟು ವರ್ಷಕ್ಕೆ ಮಕ್ಕಳಿಗೆ ಬ್ಯಾಲೆನ್ಸ್ ಬಂದಿರುತ್ತೆ, ಹೇಳಿದ ಮಾತು ಕೇಳಿ ಮಾಡೋ ಬುದ್ಧಿ ಇರುತ್ತೆ, ಆಗಿಂದ ಮೈಬಲದ ವ್ಯಾಯಾಮ ಮಾಡಿಸ್ಬಹುದು ಅಂತ ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿನೂ ಹೇಳುತ್ತೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೊಟ್ಟ ಮಾರ್ಗಸೂಚಿಲಿ 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರೋ ಹಾಗೆ ಆಡಬೇಕು, ವಾರದಲ್ಲಿ ಮೂರು ದಿನವಾದ್ರೂ ಎಲುಬು ಸ್ನಾಯು ಗಟ್ಟಿ ಆಗೋಂಥದ್ದು ಇರಬೇಕು ಅಂತಿದೆ. ಅಂದ್ರೆ ನಿಮ್ಮ ಹುಡುಗ ಮೊದಲ ತಿಂಗಳು ಮಾಡ್ತಿದ್ದ ಹಗ್ಗ ಹತ್ತೋದು, ಜಿಗಿಯೋದು ಇದ್ಯಲ್ಲ, ಅದು ಅಪ್ಪಟ ಚಿನ್ನ.

ಆದ್ರೆ ಸಿಕ್ಸ್ ಪ್ಯಾಕ್ ಬರಿಸ್ತೀನಿ ಅನ್ನೋದು ಬೇರೆ ವಿಷಯ. ಹುಡುಗ್ರು ಹರೆಯಕ್ಕೆ ಬರೋಕೆ ಮುಂಚೆ ಮೈಯಲ್ಲಿ ಟೆಸ್ಟೋಸ್ಟಿರೋನ್, ಅಂದ್ರೆ ಸ್ನಾಯು ದಪ್ಪ ಮಾಡೋ ಗಂಡು ಹಾರ್ಮೋನ್, ಬಹಳ ಕಮ್ಮಿ ಇರುತ್ತೆ. ವ್ಯಾಯಾಮ ಮಾಡಿದ್ರೆ ಬಲ ಬರುತ್ತೆ, ಆದ್ರೆ ಅದು ಬರೋದು ನರಗಳು ಸ್ನಾಯುನ ಚೆನ್ನಾಗಿ ದುಡಿಸೋಕೆ ಕಲಿಯೋದ್ರಿಂದ, ಸ್ನಾಯು ದಪ್ಪ ಆಗೋದ್ರಿಂದ ಅಲ್ಲ. ಹಾಗಾಗಿ 9 ವರ್ಷದ ಹುಡುಗನ ಹೊಟ್ಟೆ ಮೇಲೆ ಆ ಗೆರೆ ಕಾಣಬೇಕು ಅಂದ್ರೆ ದಾರಿ ಒಂದೇ, ಚರ್ಮದ ಕೆಳಗಿನ ಕೊಬ್ಬು ಕರಗಿಸೋದು, ಅಂದ್ರೆ ಬೆಳೆಯೋ ಮಗುಗೆ ಹೊಟ್ಟೆಗೆ ಕಮ್ಮಿ ಹಾಕೋದು. ನಿಮ್ಮ ಕೋಚು ಅನ್ನ ಕಮ್ಮಿ, ಸಿಹಿ ಬಂದ್ ಅಂದಿದ್ದು ಇದಕ್ಕೇ. ನೀವು ಪಕ್ಕೆ ಎಲುಬು ಎಣಿಸ್ಬಹುದು ಅಂತ ಬರ್ದಿದೀರಿ, ಅದನ್ನ ಇನ್ನೊಂದ್ಸಲ ಓದ್ಕೊಳ್ಳಿ.

ಇನ್ನು ಗಂಟೆ ಲೆಕ್ಕ. ಮಗುಗೆ ಎಷ್ಟು ವರ್ಷವೋ ವಾರಕ್ಕೆ ಅಷ್ಟು ಗಂಟೆಗಿಂತ ಜಾಸ್ತಿ ತರಬೇತಿ ಬೇಡ ಅನ್ನೋದು ನಾವು ಪಾಲಿಸೋ ಅಳತೆ, ಮೇಲೆ ವಾರಕ್ಕೆ ಒಂದೆರಡು ದಿನ ಪೂರ್ತಿ ರಜೆ. ನಿಮ್ಮ ಹುಡುಗನಿಗೆ 9, ಅವರು ಹೇಳ್ತಿರೋದು 18 ಗಂಟೆ.

ಬೆಳೆಯೋ ಎಲುಬಿನ ತುದಿ ಹತ್ರ ಗ್ರೋತ್ ಪ್ಲೇಟ್ ಅಂತ ಮೆತ್ತಗಿನ ಭಾಗ ಇರುತ್ತೆ, ಎತ್ತರ ಬೆಳೆಯೋದು ಅಲ್ಲಿಂದ. ಎಲುಬು ಸರಸರ ಬೆಳೆಯೋ ವಯಸ್ಸಲ್ಲಿ ಸ್ನಾಯು ಬಿಗಿ ಆಗಿರುತ್ತೆ, ಅದೇ ಜಾಗನ ದಿನಾ ಎಳೆದೂ ಎಳೆದೂ ಉರಿಯೂತ ಬರುತ್ತೆ. ನನ್ನ ಹತ್ರ ಬರೋ ಮಕ್ಕಳಲ್ಲಿ ಮಾಮೂಲಿ ಕಂಪ್ಲೇಂಟು ಇದು, ಮೊಣಕಾಲು ಚಿಪ್ಪಿನ ಎರಡು ಬೆರಳು ಕೆಳಗೆ ಸಣ್ಣ ಗೋಲಿ ಥರ ಉಬ್ಬಿರುತ್ತೆ, ಮುಟ್ಟಿದ್ರೆ ಕಾಲು ಸರಕ್ಕನೆ ಹಿಂದಕ್ಕೆ ಎಳ್ಕೊತಾರೆ, ಆಸ್‌ಗುಡ್ ಶ್ಲಾಟರ್ ಅಂತೀವಿ. ಹಿಮ್ಮಡಿಗೆ ಬಂದ್ರೆ ಸೀವರ್ಸ್. ವಿಶ್ರಾಂತಿ ಕೊಟ್ರೆ ಬಹುತೇಕ ವಾಸಿ ಆಗುತ್ತೆ. ಆದ್ರೆ ವಿಶ್ರಾಂತಿ ಕೊಡೋಕೆ ಮಗು ನೋವು ಅಂತ ಬಾಯಿ ಬಿಡಬೇಕಲ್ಲ. ಕೋಚ್ ಬೈತಾರೆ, ಅಪ್ಪಂಗೆ ಬೇಜಾರಾಗುತ್ತೆ ಅಂತ ಮಕ್ಕಳು ತಿಂಗಳುಗಟ್ಟಲೆ ಬಚ್ಚಿಡ್ತಾರೆ.

ಪೌಡರ್ ತಗೋಬೇಡಿ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಕೆಳಗಿರೋ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಆಹಾರದ ಮಾರ್ಗಸೂಚಿ ಕೊಟ್ಟಾಗ ಮೈ ಕಟ್ಟೋಕೆ ಪ್ರೋಟೀನ್ ಸಪ್ಲಿಮೆಂಟ್ ಬೇಡ ಅಂತ ದೊಡ್ಡೋರಿಗೇ ಹೇಳಿದೆ. ಈ ವಯಸ್ಸಿಗೆ ಮೈತೂಕದ ಕೆಜಿಗೆ ಸುಮಾರು 1 ಗ್ರಾಂ ಪ್ರೋಟೀನ್ ಲೆಕ್ಕ, ಬೇಳೆ ಹಾಲು ಮೊಟ್ಟೆ ಕಡಲೆಕಾಯಿಲೇ ಆಗೋಗುತ್ತೆ. ದಾವಣಗೆರೇಲಿ ಇದ್ಕೊಂಡು ರಾಗಿ ಮರೀಬೇಡಿ, 100 ಗ್ರಾಂ ರಾಗೀಲಿ 300 ಮಿಲಿಗ್ರಾಂ ಮೇಲೆ ಕ್ಯಾಲ್ಸಿಯಂ ಇದೆ. ಕೋಚ್ ಮುಂದೆ ಯಾವತ್ತಾದ್ರೂ ಮಾತ್ರೆ, ಇಂಜೆಕ್ಷನ್ ಅಂತ ಬಾಯಿ ತೆಗೆದ್ರೆ ಅವತ್ತೇ ಎದ್ದು ಬನ್ನಿ. ಅದ್ರಲ್ಲಿ ಮೈ ಕಟ್ಟಿಸೋ ಸ್ಟಿರಾಯ್ಡ್ ಇರಬಹುದು, ಅದು ಆ ಗ್ರೋತ್ ಪ್ಲೇಟನ್ನ ಬೇಗ ಮುಚ್ಚಿಸಿಬಿಡುತ್ತೆ, ಆಗ ಎತ್ತರ ನಿಜವಾಗ್ಲೂ ನಿಲ್ಲುತ್ತೆ.

ಮಟ್ಟಿ_ಹುಡುಗ

ನಾ ಧಾರವಾಡ ಕಡೆಯಾಂವ. ನಿಮ್ಮ ಅಪ್ಪಾಜಿ ಗರಡಿ ಮಾತ ಎತ್ಯಾರ ಅಂತ ಬರ್ಯಾಕ ಹತ್ತೇನಿ. ನಮ್ಮ ಮುತ್ಯಾ ಪೈಲ್ವಾನ್ ಇದ್ದಾಂವ, ನಾನೂ ಹತ್ತನೇ ವಯಸ್ಸಿಗೆ ಗರಡಿ ಮನಿಗೆ ಹೋದಾಂವ. ಹಿರ್ಯಾರು ಹೇಳೂದು ಖರೇ ಐತಿ, ಸಣ್ಣಾವ್ರನ್ನ ಕಳಸ್ತಿದ್ರು. ಆದ್ರ ಅಲ್ಲಿ ಏನ ಮಾಡಸ್ತಿದ್ರು ಅನ್ನೂದನ್ನೂ ಕೇಳ್ರಿ.

ಮೊದಲನೇ ಆರು ತಿಂಗಳ ನಮ್ಮ ವಸ್ತಾದ್ರು, ಅಂದ್ರ ಕುಸ್ತಿ ಗುರುಗಳು, ನನಗ ಒಂದ ಡಾವ (ಕುಸ್ತಿ ಪಟ್ಟು) ಸುದ್ದಾ ಕಲಸಲಿಲ್ಲ. ಮಟ್ಟಿ ಹದ ಮಾಡೂದ ಕೆಲಸ. ಕೆಂಪು ಮಣ್ಣ ಸಲಿಕಿಲೆ ತಿರುವಿ ಹಾಕೂದು, ಹಳ್ಳ ಆರಸಿ ತಗಿಯೂದು, ಅದಕ್ಕ ಎಣ್ಣಿ, ಅರಿಷಿಣ, ಮಜ್ಜಿಗಿ, ಲಿಂಬಿಹಣ್ಣಿನ ರಸ ಹಾಕಿ ಕಾಲಿಲೆ ತುಳಿಯೂದು. ಆಮ್ಯಾಲೆ ನಮ್ಮ ಕೈಲೆ ಎಷ್ಟ ಆಗ್ತಾವ ಅಷ್ಟ ದಂಡ, ಬಸ್ಕಿ. ಮೂಲ್ಯಾಗ ಸಂಗ್ರಾಣಿ ಕಲ್ಲ ಇತ್ತು, ದೊಡ್ಡ ಪೈಲ್ವಾನ್ರು ಎತ್ತೂದು ನೋಡಿ ನಮಗೂ ಕೈ ತುರಸ್ತಿತ್ತು, ಒಂದಿನ ನಾನೂ ನನ್ನ ಗೆಳ್ಯಾನೂ ಕದ್ದ ಹೋಗಿ ಅಲಗ್ಯಾಡಸಾಕ ನೋಡಿದ್ವಿ, ವಸ್ತಾದ್ರು ಬಂದವ್ರನ ಇಬ್ಬರ ಕಿವಿ ಹಿಂಡಿ "ಮೀಸಿ ಮೂಡೂ ಮಟಾ ಇದನ್ನ ಮುಟ್ಟಬ್ಯಾಡ್ರಿ" ಅಂದ್ರು. ಅವರು ಡಾಕ್ಟರಕಿ ಓದಿದಾವ್ರಲ್ಲ. ಈಗ ಫಿಸಿಯೋ ಸಾಹೇಬ್ರು ಬರದಿದ್ದ ಓದಿದ್ರ ಅದ ಮಾತ ಬರತೈತಿ ನೋಡ್ರಿ. ಮತ್ತ ಗರಡ್ಯಾಗ ಉಣಬ್ಯಾಡ ಅಂದವ್ರನ್ನ ನಾ ನೋಡಿಲ್ಲ. ಹಾಲು, ಬದಾಮಿ, ರೊಟ್ಟಿ, ಬೆಣ್ಣಿ, ಹೊಟ್ಟಿ ತುಂಬ ತಿನ್ನು ಅಂತಿದ್ರು.

ಹಂಗಂತ ಎಲ್ಲಾ ಚೊಲೋ ಇತ್ತು ಅನ್ನಂಗಿಲ್ಲ. ನನಗ ಹದಿಮೂರ ಇದ್ದಾಗ ಒಂದ ಟೂರ್ನಮೆಂಟಿಗೆ ನನ್ನ ಜೋಡಿ ಆಡಾಂವಂದು ತೂಕ ಮೂರ ಕೆಜಿ ಹೆಚ್ಚಿತ್ತು. ಎರಡ ದಿನ ನೀರ ಬಂದ್ ಮಾಡಿ, ಏಪ್ರಿಲ್ ಬಿಸಿಲಾಗ ಸ್ವೆಟರ್ ಹಾಕಸಿ ಗ್ರೌಂಡ್ ಸುತ್ತ ಓಡಸಿದ್ರು. ತೂಕ ಸರಿ ಬಂತು, ತಕ್ಕಡಿ ಮ್ಯಾಲಿಂದ ಇಳದಾಂವ ಅಲ್ಲೇ ಕುಸದ ಬಿದ್ದ. ತುಟಿ ಒಡದ ಬೆಳ್ಳಗ ಆಗಿದ್ವು, ನಾ ಅವಗ ಉಪ್ಪ ಸಕ್ಕರಿ ನೀರ ಚಮಚಾಲೆ ಕುಡಿಸೇನಿ. ಮುಂದಿನ ವರ್ಷ ಅಂವ ಕುಸ್ತಿನ ಬಿಟ್ಟ, ನನಗಿಂತ ಬೇಷ್ ಆಡತಿದ್ದ. ಈಗೂ ನೆನಪಾದ್ರ ಹೊಟ್ಟ್ಯಾಗ ಒಂಥರಾ ಆಗತೈತಿ.

ಫಿಟ್_ಬೆಂಗಳೂರು

ಎಲ್ರೂ ಹೆದರಿಸ್ತಾನೇ ಇದೀರಲ್ಲ. ನೀರಜ್ ಚೋಪ್ರಾನೂ ಚಿಕ್ಕ ವಯಸ್ಸಲ್ಲೇ ಜಿಮ್‌ಗೆ ಹೋದೋರು, ಇವತ್ತು ಒಲಿಂಪಿಕ್ ಗೋಲ್ಡ್. ಚೀನಾದವರು ಐದಾರು ವರ್ಷಕ್ಕೇ ಶುರು ಮಾಡಿಸ್ತಾರೆ ಅದಕ್ಕೇ ಮೆಡಲ್ ಬರುತ್ತೆ. ನಾವು ಹೀಗೇ ಬೇಡ ಬೇಡ ಅಂತ ಕೂತ್ರೆ ಯಾವಾಗ ಮುಂದೆ ಬರೋದು? ಕೋಚ್ ಟ್ಯಾಲೆಂಟ್ ಇದೆ ಅಂದ್ರೆ ಬಿಡಬೇಡಿ ಬ್ರೋ.

ಮೈಸೂರು_ಫಿಸಿಯೋ

ನೀರಜ್ ಉದಾಹರಣೆ ಕೊಟ್ಟಿದ್ದು ಒಳ್ಳೇದಾಯ್ತು. ಅವರು ಹೋಗಿದ್ದು ಮೈ ದಪ್ಪ ಇದೆ, ತೂಕ ಇಳೀಲಿ ಅಂತ, ಆಗ ಹನ್ನೊಂದು ಹನ್ನೆರಡು ವರ್ಷ. ಪಾಣಿಪತ್ ಸ್ಟೇಡಿಯಮ್ಮಲ್ಲಿ ದೊಡ್ಡೋರು ಭರ್ಜಿ ಎಸೆಯೋದು ನೋಡಿ ಅವರಿಗೇ ಆಸೆ ಹುಟ್ಟಿ ಹಿಡಿದಿದ್ದು. ಉಸೇನ್ ಬೋಲ್ಟ್ ಮೊದ್ಲು ಆಡ್ತಿದ್ದಿದ್ದು ಕ್ರಿಕೆಟ್ಟು, ನೀನು ಓಡು ಅಂದಿದ್ದು ಅವರ ಕ್ರಿಕೆಟ್ ಕೋಚು. ಐದಾರು ವರ್ಷಕ್ಕೇ ಒಂದೇ ಆಟಕ್ಕೆ ಕಟ್ಟಿಹಾಕಿದ ಮಕ್ಕಳಲ್ಲಿ ಗೆದ್ದ ಒಬ್ಬರ ಫೋಟೋ ನಮಗೆ ಕಾಣುತ್ತೆ, ಉಳಿದವರು ಎಲ್ಲಿ ಹೋದ್ರು ಅಂತ ಯಾರೂ ತೋರ್ಸಲ್ಲ.

ಬುಧಿಯಾ ಸಿಂಗ್ ನೆನಪಿದ್ಯಾ? ಒಡಿಶಾದ ಹುಡುಗ. 2006 ಮೇ 2ನೇ ತಾರೀಕು ಪುರಿಯಿಂದ ಭುವನೇಶ್ವರಕ್ಕೆ 65 ಕಿಲೋಮೀಟರ್, 7 ಗಂಟೆ 2 ನಿಮಿಷ ಓಡಿದ, ಆಗ ಅವನಿಗೆ ನಾಲ್ಕು ವರ್ಷ. ಇಡೀ ದೇಶ ಟಿವಿ ಮುಂದೆ ಕೂತು ಚಪ್ಪಾಳೆ ಹೊಡೀತು, ನಾನೂ ಹೊಡೆದಿದೀನಿ, ಆಗ ಕಾಲೇಜಲ್ಲಿದ್ದೆ. ಆಮೇಲೆ ಡಾಕ್ಟರ್‌ಗಳು ಪರೀಕ್ಷೆ ಮಾಡಿದಾಗ ಪೋಷಣೆ ಕಮ್ಮಿ ಇದೆ, ರಕ್ತ ಕಮ್ಮಿ ಇದೆ, ಹೃದಯದ ಮೇಲೆ ಒತ್ತಡ ಬಿದ್ದಿದೆ ಅಂದ್ರು. ಸರ್ಕಾರ ಅಂಥ ಓಟ ನಿಲ್ಲಿಸ್ತು, ಕ್ರೀಡಾ ಹಾಸ್ಟೆಲ್‌ಗೆ ಸೇರಿಸಿದ್ರು. ಒಲಿಂಪಿಕ್ಸ್‌ಗೆ ಹೋಗ್ತಾನೆ ಅಂದ್ಕೊಂಡಿದ್ದ ಹುಡುಗ ದೊಡ್ಡ ಮಟ್ಟದ ಓಟಗಾರ ಆಗ್ಲಿಲ್ಲ.

ಬಾಡಿ ಬಿಲ್ಡಿಂಗೇ ಬೇಕಂದ್ರೆ ಉಕ್ರೇನ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ರಿಚರ್ಡ್ ಸ್ಯಾಂಡ್ರಾಕ್. ಎಂಟು ವರ್ಷಕ್ಕೇ ಲಿಟಲ್ ಹರ್ಕ್ಯುಲಿಸ್ ಅಂತ ಜಗತ್ತೆಲ್ಲ ಫೋಟೋ ಓಡಾಡ್ತು, ಮೈಮೇಲೆ ಒಂದೊಂದು ಸ್ನಾಯು ಬಿಡಿಸಿಟ್ಟ ಹಾಗೆ. ತರಬೇತಿ ಕೊಡಿಸ್ತಿದ್ದ ಅಪ್ಪ ಹೆಂಡ್ತಿ ಮೇಲೆ ಕೈ ಮಾಡಿ ಜೈಲಿಗೆ ಹೋದ. ಹುಡುಗ ದೊಡ್ಡವನಾದ್ಮೇಲೆ ತೂಕ ಎತ್ತೋದನ್ನೇ ಬಿಟ್ಟ, ಬೇಜಾರು ಬಂದಿತ್ತು ಅಂತ ಅವನೇ ಹೇಳಿದಾನೆ.

ಕುಡ್ಲದ_ಅಮ್ಮ

ನಾನು ಇಲ್ಲಿ ಹೆಚ್ಚು ಬರಿಯುವುದಿಲ್ಲ, ಇದನ್ನು ಓದಿ ಸುಮ್ಮನೆ ಇರ್ಲಿಕ್ಕೆ ಆಗ್ಲಿಲ್ಲ. ನನ್ನ ಮಗಳು ಈಜಿಗೆ ಸೇರಿದ್ದು ಏಳು ವರ್ಷದಲ್ಲಿ, ಅವಳಿಗೆ ನೀರು ಅಂದ್ರೆ ಪ್ರಾಣ. ಹತ್ತು ಆಗುವಾಗ ಸ್ಟೇಟ್ ಲೆವೆಲ್, ಮತ್ತೆ ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸ್ಲಿಕ್ಕೆ ಶುರು ಮಾಡಿದೆವು, ಶಾಲೆ ಬಿಟ್ಟ ಮೇಲೆ ಪುನಃ. ಒಂದು ದಿನ ಜಡೆ ಹಾಕ್ಲಿಕ್ಕೆ ಕೂತಾಗ ಬಲಗೈ ಮೇಲೆ ಎತ್ತುವುದೇ ಇಲ್ಲ, ಎಡಗೈಯಲ್ಲೇ ರಬ್ಬರ್ ಬ್ಯಾಂಡ್ ಕೊಡ್ತಾಳೆ. ಕೇಳಿದ್ರೆ ಏನಿಲ್ಲಮ್ಮ ಅಂತ. ಭುಜದಲ್ಲಿ ನೋವು ಶುರುವಾಗಿ ಎರಡು ತಿಂಗಳಾಗಿತ್ತು. ನನಗೆ ಗೊತ್ತೇ ಆಗ್ಲಿಲ್ಲ, ದಿನಾ ಪೂಲ್ ಕಟ್ಟೆಯಲ್ಲಿ ಸ್ಟಾಪ್‌ವಾಚ್ ಹಿಡ್ಕೊಂಡು ಕೂತವಳು ನಾನೇ. ನಾನು ಮಗಳನ್ನು ನೋಡ್ತಾ ಇರ್ಲಿಲ್ಲ, ಟೈಮ್ ನೋಡ್ತಾ ಇದ್ದೆ.

ಐದು ತಿಂಗಳು ಪೂರ್ತಿ ನಿಲ್ಲಿಸಿದೆವು. ಮತ್ತೆ ಹೋಗ್ತೀಯಾ ಅಂತ ನಾವು ಕೇಳ್ಲಿಲ್ಲ, ಅವಳೇ ಒಂದು ಭಾನುವಾರ ಬ್ಯಾಗಲ್ಲಿ ಟವೆಲ್ ತುಂಬಿಸಿಕೊಂಡು ಬಂದು ನಿಂತಳು. ಈಗ ವಾರಕ್ಕೆ ನಾಲ್ಕು ದಿನ, ಬೇಡ ಅಂದ ದಿನ ಬೇಡ. ಈಗ ಹದಿನಾಲ್ಕು ಅವಳಿಗೆ, ಕಳೆದ ವರ್ಷದಿಂದ ಫ್ರೆಂಡ್ಸ್ ಒಟ್ಟಿಗೆ ತ್ರೋಬಾಲೂ ಆಡ್ತಾಳೆ.

ಅಣ್ಣ, ನೀವು ಕನ್ನಡಿ ಮುಂದೆ ನಿಂತ ವಿಷಯ ಬರೆದಿದ್ದೀರಲ್ಲ, ನನಗೆ ಅದೇ ತಲೆಯಲ್ಲಿ ಉಂಟು. ಭುಜದ ನೋವಿಗೆ ಡಾಕ್ಟರ್ ಇದ್ದಾರೆ. ನನ್ನ ಮೈ ಸರಿ ಇಲ್ಲ ಅಂತ ಒಂಬತ್ತು ವರ್ಷದಲ್ಲಿ ಮನಸ್ಸಿಗೆ ಹೊಕ್ಕಿದ್ರೆ ಅದನ್ನು ತೆಗೀಲಿಕ್ಕೆ ತುಂಬ ಸಮಯ ಬೇಕು. ಆ ಇನ್‌ಸ್ಟಾ ಪೇಜ್ ಮಾತ್ರ ಯಾವ ಕಾರಣಕ್ಕೂ ಮಾಡ್ಲಿಕ್ಕೆ ಬಿಡ್ಬೇಡಿ. ಮಗುವಿನ ಅಂಗಿ ತೆಗೆಸಿ ಫೋಟೋ ಹಾಕಿ, ಕೆಳಗೆ ಗುರುತು ಪರಿಚಯ ಇಲ್ಲದವರು ಕಮೆಂಟ್ ಬರೆಯುವುದು ನಮಗೆ ಯಾಕೆ? ಮತ್ತೆ ಅವನ ಅಮ್ಮ ಬೇಡ ಅಂತ ಇದ್ದಾರಲ್ಲ, ಅವರು ಏನು ನೋಡಿ ಹಾಗೆ ಹೇಳ್ತಿದ್ದಾರೆ ಅಂತ ಒಮ್ಮೆ ಕೂತು ಕೇಳಿ.

ದಾವಣಗೆರೆ_ಅಪ್ಪ

ಎಲ್ರದ್ದೂ ಎರಡೆರಡು ಸಲ ಓದಿದೆ, ಹೆಂಡ್ತಿಗೂ ಅಪ್ಪಾಜಿಗೂ ಓದಿ ಹೇಳಿದೆ. ಸಂಗ್ರಾಣಿ ಕಲ್ಲಿನ ಮಾತು ಬಂದಾಗ ಅಪ್ಪಾಜಿ ಸುಮ್ಮನಾಗಿ ಆಮೇಲೆ "ಹೌದು, ನಮ್ಗೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ" ಅಂದ್ರು.

ಕುಡ್ಲದ ಅಕ್ಕ, ನೀವು ಹೇಳಿದ ಹಾಗೆ ಹೆಂಡ್ತಿ ಹತ್ರ ಕೂತು ಕೇಳಿದೆ. ಬೆಳಿಗ್ಗೆ ಸ್ಕೂಲ್‌ಗೆ ಕಳಿಸುವಾಗ ವ್ಯಾನಲ್ಲಿ ಕೂತ ತಕ್ಷಣ ನಿದ್ದೆ ಹೋಗ್ತಾನೆ, ಮೊದ್ಲು ಕಿಟಕೀಲಿ ಕೈ ಬೀಸ್ತಿದ್ದ ಅಂದ್ಲು. ನಾನು ಆ ಹೊತ್ತಿಗೆ ಅಂಗಡಿಗೆ ಹೋಗಿರ್ತೀನಿ, ಇದು ಗೊತ್ತೇ ಇರ್ಲಿಲ್ಲ.

ಮಗನ್ನ ಕೇಳಿದೆ, ನಿಂಗೆ ಜಿಮ್ಮಲ್ಲಿ ಯಾವುದು ಇಷ್ಟ ಅಂತ. ಹಗ್ಗ ಅಂದ. ಉಳಿದಿದ್ದು? ಅಂದ್ರೆ ನನ್ನ ಮುಖ ನೋಡಿ "ನೀನು ಹೇಳಿದ್ರೆ ಮಾಡ್ತೀನಿ ಪಪ್ಪಾ" ಅಂದ. ಇವತ್ತು ಸಂಜೆ ಹೋಗಿ ಕೋಚ್‌ಗೆ ಸ್ಪೆಷಲ್ ಬ್ಯಾಚ್ ಬೇಡ, ಪೌಡರ್ ಬೇಡ, ಪೇಜ್ ಬೇಡ, ವಾರಕ್ಕೆ ಮೂರು ದಿನ ಮಕ್ಕಳ ಬ್ಯಾಚ್ ಮಾತ್ರ ಅಂತ ಹೇಳಿ ಬಂದೆ. ಅವರಿಗೆ ಬೇಜಾರಾಯ್ತು, ಚಾನ್ಸ್ ಕಳ್ಕೊಂತಿದೀರ ಅಂದ್ರು. ಮಕ್ಕಳ ಬ್ಯಾಚೂ ಮುಂದಿನ ತಿಂಗಳಿಂದ ಇರುತ್ತೋ ಇಲ್ವೋ ಅಂದ್ರು. ಇಲ್ಲಾಂದ್ರೆ ನಮ್ಮ ಮನೆ ಹಿಂದೆ ಹುಣಸೇ ಮರ ಇದೆ, ಗಟ್ಟಿ ಹಗ್ಗ ಒಂದು ತಂದು ಕಟ್ತೀನಿ.

ಫಿಸಿಯೋ ಸರ್, ಒಂದೇ ಒಂದು ಕೇಳ್ಬೇಕಿತ್ತು. ಹಗ್ಗ ಎಷ್ಟು ಎತ್ತರಕ್ಕೆ ಕಟ್ಬಹುದು, ಕೆಳಗೆ ಮರಳು ಹಾಕಿಸಿದ್ರೆ ಸಾಕಾ ಇಲ್ಲ ಹಾಸಿಗೆ ಏನಾದ್ರೂ ಬೇಕಾ?