ನಕ್ಷೆಯಲ್ಲಿ ಕಾರು ಹಿಂದಕ್ಕೆ ಜಿಗಿಯುತ್ತಿದೆ, ಗುಂಪಿನಲ್ಲಿ ಐಗೇಟ್‌ನವರ ಮೇಲೆ ಜಗಳ. ನಿಜವಾಗಿ ತೊಂದರೆ ಎಲ್ಲಿದೆ?

ಮೊಬೈಲ್_ಒಂಬತ್ತು ಕೇಳಿದ್ದು:

ಎಲ್ಲ ಓಎಂಗಳಿಗೆ (ಹ್ಯಾಮ್ ರೇಡಿಯೊ ಗೆಳೆಯರಿಗೆ) ನಮಸ್ಕಾರ.

ಕಾರಿನಲ್ಲಿ ಎಪಿಆರ್‌ಎಸ್ ಟ್ರ್ಯಾಕರ್ ಹಾಕಿದ್ದೇನೆ. ಕಾರು ಇರುವ ಜಾಗವನ್ನು ಅದು ಆಗಾಗ ರೇಡಿಯೊದಲ್ಲಿ ಚಿಕ್ಕ ಪ್ಯಾಕೆಟ್ಟಾಗಿ (ಬೀಕನ್) ಕಳಿಸುತ್ತದೆ, ಡಿಜಿಪೀಟರ್‌ಗಳು (ಡಿಜಿ) ಅದನ್ನು ಕೇಳಿ ಮತ್ತೆ ಪ್ರಸಾರ ಮಾಡುತ್ತವೆ, ಐಗೇಟ್‌ಗಳು ಕೇಳಿ ಅಂತರ್ಜಾಲಕ್ಕೆ ಕೊಡುತ್ತವೆ. ಎರಡು ಮೀಟರ್ ಬ್ಯಾಂಡ್, 1200 ಬಾಡ್, ಪಾಥ್ (ಪ್ಯಾಕೆಟ್ ಎಷ್ಟು ಡಿಜಿ ದಾಟಬಹುದು ಅನ್ನೋ ಸಾಲು) ವೈಡ್1-1, ವೈಡ್2-1. ಎಸ್‌ಎಸ್‌ಐಡಿ (ಕಾಲ್‌ಸೈನ್ ಅಂದರೆ ಪರವಾನಗಿ ಗುರುತಿನ ಕೊನೆಗೆ ಹಾಕುವ ಸಂಖ್ಯೆ) -9. ಸ್ಮಾರ್ಟ್‌ಬೀಕನಿಂಗ್ (ವೇಗ, ತಿರುವು ನೋಡಿಕೊಂಡು ಬೀಕನ್ ಕಳಿಸುವುದು) ಆನ್ ಇದೆ. ಟ್ರ್ಯಾಕರಿನ ಮೆಮೊರಿ ಕಾರ್ಡ್ ತೆಗೆದು ನೋಡಿದರೆ ಹೋದ ದಾರಿ ಚೆನ್ನಾಗಿ ದಾಖಲಾಗಿದೆ, ಎಲ್ಲೂ ತೊಂದರೆ ಇಲ್ಲ. ಆದರೆ ಎಪಿಆರ್‌ಎಸ್ ಡಾಟ್ ಎಫ್‌ಐ ನಕ್ಷೆಯಲ್ಲಿ ಅದೇ ದಾರಿ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ನೇರ ಹೆದ್ದಾರಿಯಲ್ಲಿ ಹೋಗುತ್ತಿರುವಾಗ ಚುಕ್ಕಿ ಇದ್ದಕ್ಕಿದ್ದಂತೆ ಎರಡು ಮೂರು ಕಿಲೋಮೀಟರ್ ಹಿಂದಕ್ಕೆ ಹೋಗಿ ಕೂರುತ್ತದೆ. ಮುಂದಿನ ಬೀಕನ್‌ಗೆ ಮತ್ತೆ ಮುಂದಕ್ಕೆ.

ಇದನ್ನು ನಮ್ಮ ಹ್ಯಾಮ್ ಗುಂಪಿನಲ್ಲಿ ಹಾಕಿದೆ, ಅಷ್ಟೇ. ಒಬ್ಬರು "ನಿಮ್ಮ ಟ್ರ್ಯಾಕರ್ ಕಸ" ಅಂದರು. ಇನ್ನೊಬ್ಬರು ಇಂಥ ಐಗೇಟ್‌ನವರೇ ಯಾವಾಗಲೂ ಹಾಳು ಮಾಡೋದು ಅಂತ ಹೆಸರು ಹಿಡಿದು ಬರೆದರು. ಆ ಐಗೇಟ್ ಮಾಲೀಕರೂ ಗುಂಪಿನಲ್ಲೇ ಇದ್ದಾರೆ. ಅವರು ಸಿಟ್ಟಾಗಿ "ನಾಳೆಯೇ ಆಫ್ ಮಾಡ್ತೀನಿ, ಆಮೇಲೆ ಯಾರ ನಕ್ಷೆಯಲ್ಲಿ ಯಾರು ಕಾಣ್ತಾರೋ ನೋಡೋಣ" ಅಂದುಬಿಟ್ಟರು. ಈಗ ಎರಡು ಬಣ ಆಗಿದೆ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಸಿಕ್ಕಿಲ್ಲ.

ನನ್ನ ಪ್ರಶ್ನೆಗಳು ಇವು. ಹೀಗೆ ಹಿಂದಕ್ಕೆ ಜಿಗಿಯಲು ಕಾರಣ ಏನು? ಒಂದು ನಿರ್ದಿಷ್ಟ ಐಗೇಟ್ ನನ್ನ ಪ್ಯಾಕೆಟ್ ಎತ್ತದ ಹಾಗೆ ತಡೆಯಬಹುದಾ? ಬೇರೆ ಯಾರಾದರೂ ನನ್ನ ಕಾಲ್‌ಸೈನ್ ಹಾಕಿ ಸುಳ್ಳು ಸ್ಥಳ ಕಳಿಸುತ್ತಿರಬಹುದಾ? ಮತ್ತೆ, ಈ ಹಳೇ ಗೀಟುಗಳನ್ನು ಅಳಿಸೋಕೆ ಆಗುತ್ತಾ?

ಗಾಳಿಗೋಪುರ ಬರೆದದ್ದು:

ಬೀಕನ್ ಜಾಸ್ತಿ ಕಳಿಸುತ್ತಿದ್ದೀರಿ. ಕಡಿಮೆ ಮಾಡಿ. ಎಲ್ಲ ಸರಿ ಹೋಗುತ್ತದೆ.

ಹಳೇ_ಟಿಎನ್‌ಸಿ ಬರೆದದ್ದು:

ಬೀಕನ್ ಜಾಸ್ತಿಯಾದರೆ ಚಾನೆಲ್ ತುಂಬುತ್ತದೆ, ಪ್ಯಾಕೆಟ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆದು ಕಳೆದುಹೋಗುತ್ತವೆ. ಕಳೆದುಹೋದ ಪ್ಯಾಕೆಟ್ ನಕ್ಷೆಯಲ್ಲಿ ಖಾಲಿ ಜಾಗ ಬಿಡುತ್ತದೆ, ಹಿಂದಕ್ಕೆ ಜಿಗಿಯುವುದಿಲ್ಲ. ಹಿಂದಕ್ಕೆ ಜಿಗಿದಿದೆ ಅಂದರೆ ಹಳೇ ಪ್ಯಾಕೆಟ್ ತಡವಾಗಿ ಬಂದಿದೆ ಅಂತ ಅರ್ಥ. ಅದನ್ನು ಯಾರು ತಡ ಮಾಡಿದರು ಅನ್ನೋದಷ್ಟೇ ಪ್ರಶ್ನೆ. ಇದಕ್ಕೆ ಗುಂಪಿನಲ್ಲಿ ವೋಟು ಹಾಕಬೇಕಿಲ್ಲ, ಪ್ಯಾಕೆಟ್ಟಿನಲ್ಲೇ ಬರೆದಿರುತ್ತದೆ.

ಮೊದಲು ಸರ್ವರ್ ಏನು ಮಾಡುತ್ತದೆ ನೋಡಿ. ನಿಮ್ಮ ಒಂದು ಬೀಕನ್ ಅನ್ನು ಮೂರು ಐಗೇಟ್ ಕೇಳಿಸಿಕೊಂಡರೆ ಮೂರೂ ಅದನ್ನು ಎಪಿಆರ್‌ಎಸ್-ಐಎಸ್ ಅನ್ನೋ ಅಂತರ್ಜಾಲದ ಸರ್ವರ್ ಜಾಲಕ್ಕೆ ಕಳಿಸುತ್ತವೆ. ಮೊದಲು ಬಂದ ಪ್ರತಿಯನ್ನು ಸರ್ವರ್ ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತದೆ. ಕಳಿಸಿದವರು ಯಾರು, ವಿಷಯ ಏನು ಅಂತ ಮಾತ್ರ ಹೋಲಿಸುತ್ತದೆ, ಬಂದ ದಾರಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಈ ನೆನಪು ಸುಮಾರು 30 ಸೆಕೆಂಡ್ ಮಾತ್ರ. ಅದಾದ ಮೇಲೆ ಅದೇ ಪ್ಯಾಕೆಟ್ ಬಂದರೆ ಸರ್ವರ್‌ಗೆ ಅದು ಹೊಸದು. ನಕ್ಷೆಗೂ ಹೊಸದು. ಎರಡು ನಿಮಿಷದ ಹಿಂದೆ ನೀವಿದ್ದ ಜಾಗಕ್ಕೆ ನಿಮ್ಮ ಕಾರನ್ನು ಎಳೆದುಕೊಂಡು ಹೋಗಿ ನಿಲ್ಲಿಸುತ್ತದೆ. ವೇಗ ತೀರಾ ಅಸಾಧ್ಯ ಅನ್ನಿಸಿದರೆ ಎಪಿಆರ್‌ಎಸ್ ಡಾಟ್ ಎಫ್‌ಐ ಅಂಥ ಚುಕ್ಕಿಯನ್ನು ಬಿಟ್ಟುಬಿಡುತ್ತದೆ. ಎರಡು ಕಿಲೋಮೀಟರ್ ಅಂತರ ಕಾರಿಗೆ ಅಸಾಧ್ಯವಲ್ಲ ಅಲ್ವಾ, ಹಾಗಾಗಿ ತಪ್ಪಿಸಿಕೊಳ್ಳುತ್ತದೆ. ನಕ್ಷೆ ನಡೆಸುವವರಿಗೆ ಬಯ್ದು ಪ್ರಯೋಜನ ಇಲ್ಲ.

(ಈ ಮೊದಲು ಬಂದವರದ್ದೇ ಲೆಕ್ಕ ಅನ್ನೋ ನಿಯಮದಿಂದ ಆಗುವ ಇನ್ನೊಂದು ಜಗಳವನ್ನೂ ನೋಡಿದ್ದೇನೆ. "ನನ್ನ ಆಂಟೆನಾ ಅವನದಕ್ಕಿಂತ ಎತ್ತರ, ಆದರೂ ನಕ್ಷೆಯಲ್ಲಿ ಅವನ ಐಗೇಟ್ ಹೆಸರೇ ಬರುತ್ತದೆ" ಅಂತ. ಅವನ ಇಂಟರ್ನೆಟ್ ಬೇಗ ಇದೆ, ಅಷ್ಟೇ. ನಿಮ್ಮ ಐಗೇಟ್ ಕೇಳಿಸಿಕೊಂಡಿಲ್ಲ ಅಂತ ಯಾರೂ ಹೇಳುತ್ತಿಲ್ಲ.)

ಈಗ ನಿಮ್ಮ ಕೆಲಸ. ನಕ್ಷೆಯ ತಾಣದಲ್ಲಿ ಕಚ್ಚಾ ಪ್ಯಾಕೆಟ್‌ಗಳ ಪುಟ ತೆರೆಯಿರಿ. ಪ್ರತಿ ಸಾಲಿನ ಪಾಥ್‌ನಲ್ಲಿ ಕ್ಯೂಎಆರ್ ಅಥವಾ ಕ್ಯೂಎಓ ಅಂತ ಇರುತ್ತದೆ. ಅದರ ಬಲಕ್ಕಿರುವ ಕಾಲ್‌ಸೈನ್ ಐಗೇಟ್. ಅದರ ಎಡಕ್ಕೆ ನಕ್ಷತ್ರದ ಗುರುತು ಇದ್ದರೆ ಅಲ್ಲಿಯವರೆಗೆ ಡಿಜಿಪೀಟರ್‌ಗಳ ಮೂಲಕ ಬಂದಿದೆ ಅಂತ. ನಕ್ಷತ್ರವೇ ಇಲ್ಲದಿದ್ದರೆ ಐಗೇಟ್ ನಿಮ್ಮನ್ನು ನೇರವಾಗಿ ಕೇಳಿದೆ. ಈ ವ್ಯತ್ಯಾಸ ಬಹಳ ಮುಖ್ಯ. ಜಗಳ ಆಡುವವರು ಬಲತುದಿಯ ಹೆಸರು ಮಾತ್ರ ಓದುತ್ತಾರೆ, ಮಧ್ಯದ್ದನ್ನು ಬಿಡುತ್ತಾರೆ.

ಇನ್ನೂ ಗಟ್ಟಿ ಸಾಕ್ಷಿ ಬೇಕು ಅಂದರೆ ಟ್ರ್ಯಾಕರ್ ಸೆಟ್ಟಿಂಗಿನಲ್ಲಿ ಟೈಮ್‌ಸ್ಟ್ಯಾಂಪ್ ಆನ್ ಮಾಡಿ. ಆಗ ಮಾಹಿತಿ ಭಾಗ ಆಶ್ಚರ್ಯಸೂಚಕ ಚಿಹ್ನೆಯ ಬದಲು ಓರೆಗೆರೆಯಿಂದ ಶುರುವಾಗುತ್ತದೆ. ಅದರ ಹಿಂದೆಯೇ ಗಂಟೆ, ನಿಮಿಷ, ಸೆಕೆಂಡಿನ ಆರು ಅಂಕಿ, ಆಮೇಲೆ 'ಎಚ್' ಅಕ್ಷರ. ಅದು ಜಿಪಿಎಸ್ ಕೊಟ್ಟ ಯುಟಿಸಿ ಸಮಯ. ಪ್ಯಾಕೆಟ್ಟನ್ನು ಚಿಕ್ಕದು ಮಾಡುವ ಮೈಕ್-ಇ ಫಾರ್ಮ್ಯಾಟ್‌ನಲ್ಲಿ ಇದಕ್ಕೆ ಜಾಗ ಇಲ್ಲ, ಅದರಲ್ಲಿದ್ದರೆ ಸಾದಾ ಫಾರ್ಮ್ಯಾಟ್‌ಗೆ ಬನ್ನಿ. ಈಗ ಸರ್ವರ್‌ಗೆ ಬಂದ ಸಮಯ ಒಂದು ಕಡೆ, ನೀವು ಕಳಿಸಿದ ಸಮಯ ಇನ್ನೊಂದು ಕಡೆ. ಒಂದರಿಂದ ಇನ್ನೊಂದನ್ನು ಕಳೆಯಿರಿ.

ಉಳಿದ ಪ್ರಶ್ನೆಗಳು. ಒಂದು ಐಗೇಟನ್ನು ಮಾತ್ರ ತಡೆಯಲು ಆಗುವುದಿಲ್ಲ. ಪಾಥ್‌ನಲ್ಲಿ ನೋಗೇಟ್ ಅಥವಾ ಆರ್‌ಎಫ್‌ಓನ್ಲಿ ಅಂತ ಹಾಕಿದರೆ ಎಲ್ಲ ಐಗೇಟ್‌ಗಳೂ ನಿಮ್ಮನ್ನು ಬಿಟ್ಟುಬಿಡಬೇಕು, ನಕ್ಷೆಯಿಂದಲೇ ಮಾಯ ಆಗುತ್ತೀರಿ.

ಸುಳ್ಳು ಸ್ಥಳ ಕಳಿಸಬಹುದಾ? ಕಳಿಸಬಹುದು. ಸರ್ವರ್‌ಗೆ ಲಾಗಿನ್ ಆಗಲು ಕೊಡುವ ಪಾಸ್‌ಕೋಡ್ ಅಂದರೆ ಕಾಲ್‌ಸೈನ್‌ನಿಂದ ಲೆಕ್ಕ ಹಾಕಿ ತೆಗೆಯುವ 15 ಬಿಟ್‌ಗಳ ಸಂಖ್ಯೆ, 32767 ದಾಟುವುದಿಲ್ಲ. ಲೆಕ್ಕದ ವಿಧಾನ ಎಲ್ಲರಿಗೂ ಗೊತ್ತು, ತೆರೆದ ತಂತ್ರಾಂಶಗಳ ಒಳಗೇ ಇದೆ. ಅದು ಬಾಗಿಲಿಗೆ ಹಾಕಿದ ಚಿಲಕ, ಬೀಗ ಅಲ್ಲ. ಆದರೆ ಇಂಟರ್ನೆಟ್‌ನಿಂದಲೇ ನೇರವಾಗಿ ಹಾಕಿದ ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ ಕ್ಯೂಎಸಿ ಅಂತ ಕಾಣುತ್ತದೆ. ರೇಡಿಯೊದಿಂದ ಬಂದದ್ದಕ್ಕೆ ಹಾಗೆ ಬರುವುದಿಲ್ಲ. ನಿಮ್ಮ ವಿಷಯದಲ್ಲಿ ಚುಕ್ಕಿ ನೀವು ಹೋದ ದಾರಿಯ ಮೇಲೇ ಹಿಂದೆ ಕೂರುತ್ತಿದೆ. ಕಳ್ಳ ಇಷ್ಟು ಕಷ್ಟಪಡುವುದಿಲ್ಲ.

ಅಳಿಸುವುದು? ಆ ಹರಿವನ್ನು ಎಷ್ಟೋ ಕಡೆ ಕೇಳಿಸಿಕೊಂಡು ಉಳಿಸಿಕೊಳ್ಳುತ್ತಾರೆ. ಒಂದು ತಾಣ ಅಳಿಸಿದರೂ ಉಳಿದವು ಇರುತ್ತವೆ. ಗಾಳಿಗೆ ಬಿಟ್ಟದ್ದು ಬಿಟ್ಟದ್ದೇ.

ರಾತ್ರಿಪಾಳಿ ಬರೆದದ್ದು:

ಟಿಎನ್‌ಸಿ ಸರ್ ಒಂದು ಬಿಟ್ಟರು. ಫೋನಿನಲ್ಲಿ ಎಪಿಆರ್‌ಎಸ್ ಡ್ರಾಯ್ಡ್ ಆ್ಯಪ್ ಇದೆಯಾ? ಅದಕ್ಕೂ -9 ಕೊಟ್ಟಿದ್ದೀರಾ? ನನ್ನ ಸ್ನೇಹಿತರೊಬ್ಬರ ಕಾರು ಮನೆಗೂ ಹೆದ್ದಾರಿಗೂ ನಡುವೆ ಹಾರುತ್ತಿತ್ತು. ಹಳೇ ಫೋನ್ ಮನೆಯ ಮೇಜಿನ ಮೇಲೆ ಕೂತು ಅದೇ ಎಸ್‌ಎಸ್‌ಐಡಿಯಲ್ಲಿ ಬೀಕನ್ ಕಳಿಸುತ್ತಿತ್ತು! ಫೋನಿಗೆ -5, ಕೈ ರೇಡಿಯೊಗೆ -7, ಐಗೇಟ್‌ಗೆ -10 ಅನ್ನೋದು ರೂಢಿ. ಡಿಎಂಆರ್ (ಡಿಜಿಟಲ್ ಧ್ವನಿ) ರೇಡಿಯೊ ಇದ್ದರೆ ಅದನ್ನೂ ನೋಡಿಕೊಳ್ಳಿ, ಅದರ ಜಿಪಿಎಸ್ ಕೂಡ ನೆಟ್‌ವರ್ಕ್ ಮೂಲಕ ಎಪಿಆರ್‌ಎಸ್‌ಗೆ ಬರಬಹುದು.

ಮೊಬೈಲ್_ಒಂಬತ್ತು:

ಫೋನಿಗೆ -5 ಇದೆ, ಸಮಸ್ಯೆ ಅದಲ್ಲ. ಡಿಎಂಆರ್ ಇಲ್ಲ.

ಟೈಮ್‌ಸ್ಟ್ಯಾಂಪ್ ಹಾಕಿ ಅದೇ ದಾರಿಯಲ್ಲಿ ಓಡಾಡಿದೆ. ಕಚ್ಚಾ ಸಾಲುಗಳನ್ನು ಕಾಗದದ ಮೇಲೆ ಎರಡು ಕಾಲಂ ಮಾಡಿ ಬರೆದೆ. ಗುಂಪಿನಲ್ಲಿ ಬಯ್ಯಿಸಿಕೊಂಡ ಐಗೇಟ್ ನೇರವಾಗಿ ಕೇಳಿದ ಪ್ಯಾಕೆಟ್‌ಗಳೆಲ್ಲ ಒಂದೆರಡು ಸೆಕೆಂಡಿನಲ್ಲಿ ಬಂದಿವೆ. ತಡವಾದವೆಲ್ಲ ಒಂದೇ ಡಿಜಿಯ ಮೂಲಕ ಬಂದಿವೆ, ಅದರ ಹೆಸರಿನ ಮುಂದೆಯೇ ನಕ್ಷತ್ರ. ತಡ ಒಂದೇ ಸಮ ಇಲ್ಲ. ಒಮ್ಮೆ ಮುಕ್ಕಾಲು ನಿಮಿಷ, ಒಮ್ಮೆ ಎರಡೂವರೆ. ಆ ತಡವಾದ ಪ್ರತಿಗಳನ್ನು ಈ ಐಗೇಟ್ ಮಾತ್ರ ಅಲ್ಲ, ಇನ್ನೊಂದು ಐಗೇಟ್ ಕೂಡ ಎತ್ತಿದೆ. ಈಗ ಏನು ಹೇಳಲಿ?

ಹಳೇ_ಟಿಎನ್‌ಸಿ:

ಇದಕ್ಕಿಂತ ಸ್ಪಷ್ಟ ಬೇಕಾ? ಐಗೇಟ್ ತಡ ಮಾಡುತ್ತಿದ್ದರೆ ನೇರವಾಗಿ ಕೇಳಿದ್ದೂ ತಡವಾಗಬೇಕಿತ್ತು. ಎರಡು ಐಗೇಟ್‌ಗೆ ಒಂದೇ ರೋಗ ಬರುವುದೂ ಅಪರೂಪ. ಡಿಜಿಯೇ ಪ್ಯಾಕೆಟ್ಟನ್ನು ಹಿಡಿದಿಟ್ಟುಕೊಂಡಿದೆ.

ನನ್ನ ಊಹೆ ಹೇಳುತ್ತೇನೆ. ಚಾನೆಲ್ ಖಾಲಿ ಇದೆಯಾ ಅಂತ ನೋಡಿಕೊಂಡೇ ಡಿಜಿಯ ಟಿಎನ್‌ಸಿ (ರೇಡಿಯೊಗೆ ಜೋಡಿಸುವ ಪ್ಯಾಕೆಟ್ ಮೋಡೆಮ್) ಪ್ರಸಾರ ಮಾಡುತ್ತದೆ. ಆ ಜಾಗದಲ್ಲಿ ಏನೋ ಗದ್ದಲ ಬಂದು ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ರೇಡಿಯೊದ ಸದ್ದು ಮುಚ್ಚುವ ಬಾಗಿಲು) ತೆರೆದುಕೊಂಡೇ ಇದ್ದರೆ ಅದಕ್ಕೆ ಚಾನೆಲ್ ಯಾವಾಗಲೂ ಬಿಜಿ ಅನ್ನಿಸುತ್ತದೆ. ಗದ್ದಲ ಒಂದು ಕ್ಷಣ ನಿಂತಾಗ ಸಾಲಾಗಿ ಕೂತಿದ್ದ ಪ್ಯಾಕೆಟ್‌ಗಳನ್ನೆಲ್ಲ ಒಟ್ಟಿಗೆ ಹೊರಗೆ ಹಾಕುತ್ತದೆ. ತಡ ಒಂದೇ ಸಮ ಇಲ್ಲದಿರುವುದು ಇದಕ್ಕೆ ಹೊಂದುತ್ತದೆ. ನಿಮ್ಮ ಪಟ್ಟಿಯಲ್ಲಿ ಬೇರೆ ಸ್ಟೇಷನ್‌ಗಳ ಹಳೇ ಪ್ಯಾಕೆಟ್‌ಗಳೂ ಅದೇ ಹೊತ್ತಿಗೆ ಗುಂಪಾಗಿ ಬಂದಿವೆಯಾ ನೋಡಿ. ಬಂದಿದ್ದರೆ ಬಹುಮಟ್ಟಿಗೆ ಇದೇ.

ಡಿಜಿಯವರಿಗೆ ಬರೆಯುವಾಗ ಗುಂಪಿನಲ್ಲಿ ಬರೆಯಬೇಡಿ. ಡಿಜಿಯ ಬೀಕನ್ ಕಾಮೆಂಟಿನಲ್ಲಿ ಎಷ್ಟೋ ಸಲ ಮಾಲೀಕರ ಕಾಲ್‌ಸೈನ್ ಇರುತ್ತದೆ, ನೇರವಾಗಿ ಅವರಿಗೇ ಕಳಿಸಿ. "ನಿಮ್ಮ ಡಿಜಿ ಕೆಟ್ಟಿದೆ" ಅಂತ ಶುರು ಮಾಡಬೇಡಿ. "ಓಎಂ, ನಿಮ್ಮ ಡಿಜಿ ಇಲ್ಲದಿದ್ದರೆ ಈ ದಾರಿಯಲ್ಲಿ ನಾನು ಕಾಣುವುದೇ ಇಲ್ಲ. ಈ ಐದಾರು ಪ್ಯಾಕೆಟ್ ತಡವಾಗಿ ಹೊರಬಂದಿವೆ, ಕಳಿಸಿದ ಸಮಯ ಇದು, ಬಂದ ಸಮಯ ಇದು. ಸ್ಕ್ವೆಲ್ಚ್ ಒಮ್ಮೆ ನೋಡುತ್ತೀರಾ?" ಅಷ್ಟು ಸಾಕು. ಬೆಟ್ಟದ ಮೇಲೆ ಹತ್ತಿ ಹೋಗಿ ಸರಿ ಮಾಡಬೇಕಾದವರು ಅವರು. ಸ್ವಂತ ದುಡ್ಡು, ಸ್ವಂತ ಭಾನುವಾರ.

ಆಮೇಲೆ ಆ ಐಗೇಟ್‌ನವರ ಪರವಾಗಿ ಗುಂಪಿನಲ್ಲಿ ನಿಮ್ಮ ಪಟ್ಟಿ ಹಾಕಿ. ಡಿಜಿಯ ಹೆಸರು ಅಳಿಸಿ ಹಾಕಿ.

ಎರಡು_ಕಡೆ_ಗೇಟ್ ಬರೆದದ್ದು:

ನಾನೂ ಐಗೇಟ್ ನಡೆಸುತ್ತೇನೆ. ಐಗೇಟ್‌ಗಳೂ ತಡ ಮಾಡುತ್ತವೆ, ಅವಕ್ಕೆ ಪೂರ್ತಿ ಕ್ಲೀನ್ ಚಿಟ್ ಕೊಡಬೇಡಿ. ಕೆಲವು ರೇಡಿಯೊಗಳ ಒಳಗಿನ ಟಿಎನ್‌ಸಿಯನ್ನು ಕಂಪ್ಯೂಟರಿಗೆ ಜೋಡಿಸಿದಾಗ ಪ್ಯಾಕೆಟ್ ಬಫರಿನಲ್ಲಿ ಸಿಕ್ಕಿಕೊಂಡು ಮುಂದಿನದು ಬಂದಾಗ ಹೊರಗೆ ಬರುತ್ತದೆ. ಇಂಟರ್ನೆಟ್ ಹೋಗಿ ಬಂದಾಗ ಕೂಡಿಟ್ಟದ್ದನ್ನು ಕಳಿಸುವ ತಂತ್ರಾಂಶವೂ ಇದೆ. ಐಗೇಟ್ ಹಾಗೆ ಕೂಡಿಡಲೇಬಾರದು. ಹೋದದ್ದು ಹೋಯಿತು ಅಂತ ಬಿಡಬೇಕು. ನಾನು ಸೌಂಡ್ ಕಾರ್ಡ್ ಹಾಕಿ ಡೈರ್‌ವೂಲ್ಫ್ ಅನ್ನೋ ತಂತ್ರಾಂಶಕ್ಕೆ ಬಂದ ಮೇಲೆ ಈ ದೂರು ಬಂದಿಲ್ಲ.

ಇನ್ನೊಂದು ಮಾತು. ನಕ್ಷೆ ಚೆನ್ನಾಗಿ ಕಾಣಬೇಕು ಅಂತ ಮಾತ್ರ ಎಲ್ಲರೂ ಬರೀ ಕೇಳಿಸಿಕೊಳ್ಳುವ ಐಗೇಟ್ ಹಾಕುತ್ತಾರೆ, ಅಂತರ್ಜಾಲದಿಂದ ಬಂದದ್ದನ್ನು ರೇಡಿಯೊದಲ್ಲಿ ವಾಪಸ್ ಕಳಿಸುವುದಿಲ್ಲ. ನಿಮ್ಮ ಸುತ್ತ ಬರೀ ಅಂಥವೇ ಇದ್ದರೆ ನಿಮಗೆ ಬಂದ ಮೆಸೇಜ್ ಅಂತರ್ಜಾಲದಲ್ಲೇ ಉಳಿಯುತ್ತದೆ. ಎಪಿಆರ್‌ಎಸ್ ಮಾಡಿದ ಬಾಬ್ ಬ್ರೂನಿಂಗಾ ಅವರು 2022ರಲ್ಲಿ ತೀರಿಕೊಂಡರು. ಇದು ವಾಹನ ಹಿಂಬಾಲಿಸುವ ವ್ಯವಸ್ಥೆ ಮಾತ್ರ ಅಲ್ಲ, ಸುತ್ತಮುತ್ತಲಿನವರು ಆ ಕ್ಷಣದ ಮಾಹಿತಿ ಹಂಚಿಕೊಳ್ಳುವುದಕ್ಕೆ ಅಂತ ಅವರು ವರ್ಷಗಟ್ಟಲೆ ಹೇಳಿದರು. ಯಾರು ಕೇಳಿದರು ಬಿಡಿ.

ಗಾಳಿಗೋಪುರ:

ಎಲ್ಲ ಸರಿ. ಆದರೂ ಬೀಕನ್ ಕಡಿಮೆ ಮಾಡಿ ಅಂದದ್ದು ತಪ್ಪಾ?

ಹಳೇ_ಟಿಎನ್‌ಸಿ:

ತಪ್ಪಲ್ಲ, ಈ ರೋಗಕ್ಕೆ ಆ ಮಾತ್ರೆ ಅಲ್ಲ ಅಷ್ಟೇ. 1200 ಬಾಡ್‌ನಲ್ಲಿ ಒಂದು ಸ್ಥಳದ ಪ್ಯಾಕೆಟ್ ಹತ್ತಿರ ಹತ್ತಿರ ಒಂದು ಸೆಕೆಂಡ್ ಗಾಳಿಯಲ್ಲಿರುತ್ತದೆ, ಪ್ರತಿ ಡಿಜಿ ಅದನ್ನು ಮತ್ತೆ ಕಳಿಸುತ್ತದೆ. ಹತ್ತು ಸೆಕೆಂಡಿಗೊಮ್ಮೆ ಕಳಿಸುವವನು ಎಲ್ಲರ ಹೊತ್ತು ತಿನ್ನುತ್ತಾನೆ. ಮೊಬೈಲ್_ಒಂಬತ್ತು, ಸ್ಮಾರ್ಟ್‌ಬೀಕನಿಂಗಿನಲ್ಲಿ ಜೋರು ಓಡುವಾಗ ಒಂದರಿಂದ ಮೂರು ನಿಮಿಷ, ನಿಂತಾಗ ಅರ್ಧ ಗಂಟೆ ಇಟ್ಟುಕೊಳ್ಳಿ. ತಿರುವಿನಲ್ಲಿ ಅದೇ ಕಳಿಸುತ್ತದೆ. ಮನೆ ಜಾಗ ಗೊತ್ತಾಗೋದು ಬೇಡ ಅನ್ನಿಸಿದರೆ ಸ್ಥಳದ ಕೊನೆಯ ಎರಡು ಅಂಕಿ ಖಾಲಿ ಬಿಡುವ ಆಯ್ಕೆ ಇದೆಯಾ ನೋಡಿ, ಆಗ ಸುಮಾರು ಎರಡು ಕಿಲೋಮೀಟರ್ ಮಬ್ಬಾಗುತ್ತದೆ. ಇಲ್ಲದಿದ್ದರೆ ಬೀದಿಗೆ ಬಂದ ಮೇಲೆ ಟ್ರ್ಯಾಕರ್ ಆನ್ ಮಾಡಿ.

ಮೊಬೈಲ್_ಒಂಬತ್ತು:

ಡಿಜಿಯವರಿಗೆ ಬರೆದೆ, ಆರು ಸಾಲು ಪಟ್ಟಿ ಜೊತೆಗೆ. ಬೇರೆ ಸ್ಟೇಷನ್‌ಗಳದ್ದೂ ಗುಂಪಾಗಿಯೇ ಬಂದಿವೆ, ನೀವು ಹೇಳಿದ ಹಾಗೇ. ಹತ್ತಿರದಲ್ಲಿ ಹೊಸದಾಗಿ ಯಾವುದೋ ಎಲ್‌ಇಡಿ ದೀಪಗಳನ್ನು ಹಾಕಿದ್ದಾರಂತೆ, ಅದರ ಗದ್ದಲ ಇರಬಹುದು, ಹತ್ತಿ ನೋಡುತ್ತೇನೆ ಅಂದಿದ್ದಾರೆ. ಗುಂಪಿನಲ್ಲಿ ಪಟ್ಟಿ ಹಾಕಿದ್ದೇನೆ. ಐಗೇಟ್‌ನವರು ಒಂದು ಹೆಬ್ಬೆರಳು ಒತ್ತಿದರು, ಬೇರೆ ಮಾತಾಡಲಿಲ್ಲ. ಐಗೇಟ್ ಮಾತ್ರ ಆನ್ ಇದೆ. 73 (ಶುಭಾಶಯ).