ಸಹಾಯ ಬೇಕು: ಚಿಕ್ಕ ಫಿಫ್ತ್ ವೀಲ್ ಟ್ರೇಲರ್ ಎಳೆಯೋಕೆ ನಮ್ಮ ಪಿಕಪ್ ಸಾಕಾಗುತ್ತಾ?

ಎಲ್ಲರಿಗೂ ನಮಸ್ಕಾರ. ನಾವಿರುವುದು ಡೆನ್ವರ್ ಹತ್ತಿರ, ಮನೆಯಲ್ಲಿ ನಾಲ್ಕು ಜನ. ಐದೂವರೆ ಅಡಿ ಬೆಡ್‌ನ (ಹಿಂದೆ ಸಾಮಾನು ಇಡೋ ತೊಟ್ಟಿ) ಫೋರ್ಡ್ ಎಫ್-150 ಪಿಕಪ್ ಇದೆ. ಈಗ ಸೆಕೆಂಡ್ ಹ್ಯಾಂಡ್ ಫಿಫ್ತ್ ವೀಲ್ ಟ್ರೇಲರ್ (ಪಿಕಪ್ ಬೆಡ್ ಮೇಲೇ ಕೊಂಡಿ ಹಾಕಿ ಎಳೆಯೋದು) ಒಂದನ್ನು ನೋಡಿ ಬಂದಿದ್ದೇವೆ. ಸಾಮಾನು ತುಂಬಿದರೆ 7,000 ಪೌಂಡ್.

"ನಿಮ್ಮ ಗಾಡಿ 11,000 ಎಳೆಯುತ್ತೆ, ಯೋಚನೆ ಬೇಡ" ಅಂದರು ಮಾರುವವರು. ಆದರೆ ಡ್ರೈವರ್ ಬಾಗಿಲ ಸಂದಿನ ಸ್ಟಿಕ್ಕರ್ ನೋಡಿದೆ. ಪೇಲೋಡ್, ಅಂದರೆ ಗಾಡಿ ಹೊರಬಹುದಾದ ಜನ-ಸಾಮಾನಿನ ಒಟ್ಟು ತೂಕ, 1,680 ಪೌಂಡ್ ಅಷ್ಟೇ! ಫಿಫ್ತ್ ವೀಲ್‌ನ ತೂಕದಲ್ಲಿ ಹೆಚ್ಚುಕಮ್ಮಿ ಐದನೇ ಒಂದು ಭಾಗ ಬೆಡ್ ಮೇಲೇ ಕೂರುತ್ತೆ ಅಲ್ವಾ? ಅಲ್ಲಿಗೇ 1,400 ಆಯ್ತು. ಟ್ರೇಲರ್ ಸಿಕ್ಕಿಸೋ ಕೊಂಡಿ, ಅಂದರೆ ಹಿಚ್‌ಗೆ 150. ಉಳಿದಿದ್ದು 130. ನಾನೊಬ್ಬನೇ 170 ಇದ್ದೀನಿ. ಹೆಂಡತಿ, ಮಕ್ಕಳು ಬಸ್ಸಲ್ಲಿ ಬರಬೇಕಾ?

ಹಿಂದಿನ ಸ್ಪ್ರಿಂಗ್‌ಗೆ ಆಸರೆಯಾಗೋ, ಗಾಳಿ ತುಂಬೋ ಏರ್‌ಬ್ಯಾಗ್ ಹಾಕಿಸಿ ಅಂತ ಸ್ನೇಹಿತರು ಹೇಳ್ತಾರೆ. ಅದರಿಂದ ಗಾಡಿಯ ಹಿಂಭಾಗ ಎತ್ತರವಾಗಬಹುದು, ಪೇಲೋಡ್ ಜಾಸ್ತಿಯಾಗಲ್ಲ ಅನ್ನೋದು ನನ್ನ ಲೆಕ್ಕ. ಸರೀನಾ?

ಇನ್ನೊಂದು ಭಯ, ತಿರುವಿನದು. ಬೆಡ್ ಚಿಕ್ಕದು, ರಿವರ್ಸ್ ತಗೊಳ್ಳುವಾಗ ಟ್ರೇಲರ್ ಮೂಲೆ ಕ್ಯಾಬಿನ್ ಗಾಜಿಗೆ ಬಡಿದರೆ? ತಿರುಗುವಾಗ ಟ್ರೇಲರನ್ನು ಕ್ಯಾಬಿನ್‌ನಿಂದ ಹಿಂದಕ್ಕೆ ಸರಿಸೋ ಸ್ಲೈಡರ್ ಹಿಚ್ ಬಳಸಿದವರು ಇದ್ದೀರಾ? ಕೈಯಲ್ಲಿ ಎಳೆಯೋದು ಸಾಕಾ, ತಾನಾಗೇ ಸರಿಯೋದೇ ಬೇಕಾ?

ಐ-70 ಹೆದ್ದಾರಿಯಲ್ಲಿ ಐಸೆನ್‌ಹೋವರ್ ಸುರಂಗ ದಾಟಿ ಹೋಗಬೇಕು, 11,000 ಅಡಿಗಿಂತ ಮೇಲೆ. ಹತ್ತುವುದಕ್ಕಿಂತ ಇಳಿಜಾರಿನ ಬ್ರೇಕ್ ಚಿಂತೆಯೇ ದೊಡ್ಡದು. ಹೆಚ್ಚು ಭಾರ ಹೊರೋ ಎಫ್-250ಗೆ ಹೋಗೋದೇ ವಾಸಿನಾ? ಶನಿವಾರದೊಳಗೆ ಅಡ್ವಾನ್ಸ್ ಕೊಡಬೇಕು, ಅನುಭವ ಇದ್ದವರು ದಯವಿಟ್ಟು ತಿಳಿಸಿ.